ಕರ್ಣಾಟಮೀಮಾಂಸೆ ಅಥವಾ ಕಿವಿಯೊಳಗಣ ಶ್ರವಣಯಂತ್ರಗಳ ತಾರತಮ್ಯವಿಚಾರ

ನಮ್ಮ ನಾಡಿನ ಹೆಸರಿಗೆ ವ್ಯುತ್ಪತ್ತಿ ಹೇಳಹೊರಟ ಹಿಂದಿನ ಪಂಡಿತರಲ್ಲಿ ಕೆಲವರು, ಎಲ್ಲರ ಕರ್ಣಗಳಲ್ಲಿಯೂ ಅಟನ ಮಾಡುವಷ್ಟು, ಎಂದರೆ ಕಿವಿಯಿಂದ ಕಿವಿಗೆ ತಿರುಗಾಡುವಷ್ಟು ಖ್ಯಾತಿಯುಳ್ಳದ್ದಾದುದರಿಂದ ಇದು 'ಕರ್ಣಾಟ'ವಾಯಿತೆಂದು ನಿರ್ಣಯಿಸಿದ್ದರು. ಕರಿಯ ಮಣ್ಣಿನ ನಾಡೆಂದೂ ಎತ್ತರದ ನಾಡೆಂದೂ ಬೇರೆ ಬೇರೆ ಮೂಲಗಳನ್ನು ಅಗೆದು ತೆಗೆದ ಈಚಿನ ಭಾಷಾಶಾಸ್ತ್ರಜ್ಞರು ಆ ನಿರ್ಣಯವನ್ನು ಕಂಡು ನಕ್ಕರು; ಅವರ ಹಿಂದೆ ನಿಂತು ನಾನೂ ನಕ್ಕವನೇ. ಆದರೆ ಕಳೆದ ಶ್ರಾವಣಮಾಸದ ಒಂದು ಸಂಜೆ ನನ್ನ ಸೋದರಳಿಯನು, ತನ್ನ ಎರಡು ತಿಂಗಳ ಮನೆಬಾಡಿಗೆಗಿಂತ ಹೆಚ್ಚು ಬೆಲೆ ಕೊಟ್ಟು ತರಿಸಿದ, ಹುಣಿಸೆಬೀಜಕ್ಕಿಂತ ತುಸುವೇ ದೊಡ್ಡದಾದ ಜೋಡಿ ವಸ್ತುವೊಂದನ್ನು ಚರ್ಮದ ಡಬ್ಬಿಯಿಂದ ಹೊರತೆಗೆದು, "ಮಾವ, ಇದನ್ನ ಕಿವಿಯೊಳಗೆ ಇಟ್ಕೊಂಡು ಒಂದ್ಸಲ ಕೇಳಿ" ಎಂದು ನನ್ನ ಕೈಗಿತ್ತಾಗ, ಆ ವಸ್ತುವು ನನ್ನ ಕರ್ಣದಲ್ಲಿ ಅಟನ ಮಾಡತೊಡಗಿದ ಕ್ಷಣವೇ ಪೂರ್ವಪಂಡಿತರ ದೂರದೃಷ್ಟಿ ನನಗೆ ಮನದಟ್ಟಾಯಿತು. ಪದವು ಮೊದಲು ಹುಟ್ಟಿ, ಅದಕ್ಕೆ ತಕ್ಕ ಪದಾರ್ಥವು ಎಷ್ಟೋ ಶತಮಾನ ತಡವಾಗಿ ಬಂದುದಕ್ಕೆ ಪಂಡಿತರು ಹೊಣೆಯಲ್ಲ. ಲೋಕರೂಢಿಯಲ್ಲಿ ಇಯರ್‌ಫೋನ್ ಎಂದೂ ರಸಿಕರ ಪರಿಭಾಷೆಯಲ್ಲಿ ಐಇಎಂ ಎಂದೂ ಕರೆಯಲ್ಪಡುವ ಈ ಯಂತ್ರವನ್ನು ಪ್ರಕೃತ ಪ್ರಬಂಧದಲ್ಲಿ ಶಾಸ್ತ್ರಶುದ್ಧವಾಗಿ ಕರ್ಣಾಟವೆಂದೇ ವ್ಯವಹರಿಸಲಾಗುವುದು.

ಕರ್ಣಾಟಗಳ ವಂಶಾವಳಿಯನ್ನು ಮಹಾಭಾರತದ ಕರ್ಣನ ಸಹಜಕುಂಡಲಗಳಿಂದ ಮೊದಲುಮಾಡಬೇಕೆಂಬ ಆಸೆ ನನಗೆ ಬಹಳವಾಗಿತ್ತು. ಅವು ಕಿವಿಯ ಹೊರಗೆ ತೂಗುತ್ತಿದ್ದುವೇ ಹೊರತು ಒಳಹೊಕ್ಕಿರಲಿಲ್ಲವಾದ ಕಾರಣ, ಬರೆದಿದ್ದ ಅಧ್ಯಾಯವನ್ನು ದುಃಖದಿಂದ ಕೈಬಿಟ್ಟಿದ್ದೇನೆ. ಇತಿಹಾಸಕ್ಕೆ ಗೋಚರಿಸುವ ಮೂಲಪುರುಷನು ಅಮೆರಿಕದ ಇಲಿನಾಯ್ ಸಂಸ್ಥಾನದವನು. ಮೀಡ್ ಕಿಲಿಯನ್ ಎಂಬ ಆ ಮಹಾಶಯನು 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿದನು. ಆ ಸಂಸ್ಥೆಯು 1991ರಲ್ಲಿ ಇಆರ್-4 ಎಂಬ ಕರ್ಣಾಟವನ್ನು ಲೋಕಕ್ಕೆ ಕೊಟ್ಟಿತು. 'ಕಿವಿಗೆ ಸತ್ಯವಾದದ್ದು' ಎಂಬರ್ಥ ಬರುವಂತೆ ಗ್ರೀಕ್ ಪದಗಳನ್ನು ಬೆಸೆದು ಎಟಿಮೋಟಿಕ್ ಎಂಬ ಹೆಸರನ್ನು ಟಂಕಿಸಿದುದನ್ನು ನೋಡಿದರೆ, ವ್ಯುತ್ಪತ್ತಿಯ ಚಪಲ ನಮ್ಮ ಪಂಡಿತರಿಗೆ ಮಾತ್ರ ಅಂಟಿದ ರೋಗವಲ್ಲವೆಂದು ಸಮಾಧಾನವಾಗುತ್ತದೆ. ಇಆರ್-4ರೊಳಗಿನ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಏರ್ಪಾಟು, ಆಯಸ್ಕಾಂತದ ಎರಡು ಧ್ರುವಗಳ ನಡುವೆ ಸಮತೂಕದಲ್ಲಿ ನಿಂತ ಲೋಹದ ನಾಲಗೆಯೊಂದು ವಿದ್ಯುತ್ತಿನ ಏರಿಳಿತಕ್ಕೆ ನಡುಗಿ ಆ ನಡುಕವನ್ನು ಸಣ್ಣದೊಂದು ಪೊರೆಗೆ ದಾಟಿಸುವಂಥದು, ಮೂಲತಃ ಕಿವುಡರ ಶ್ರವಣಸಾಧನಗಳಿಂದ ಬಂದದ್ದು. ಕೇಳಿಸದವರಿಗೆ ಕೇಳಿಸಲೆಂದು ಹುಟ್ಟಿದ ಯಂತ್ರವು, ಕೇಳಿಸುವವರು ಮನೆಯವರ ಮಾತು ಕೇಳಿಸದಂತಿರಲು ತೊಡುವ ಆಭರಣವಾದ ಬಗೆಯನ್ನು ಮುಂದೆ ವಿವರಿಸುತ್ತೇನೆ. 1995ರಲ್ಲಿ ಜೆರ್ರಿ ಹಾರ್ವಿ ಎಂಬ ಶಬ್ದತಂತ್ರಜ್ಞನು ರಾಕ್ ವಾದ್ಯಮೇಳದ ಡ್ರಮ್ಮುಗಾರ ಅಲೆಕ್ಸ್ ವ್ಯಾನ್ ಹೇಲನ್‌ನ ಕಿವಿಗೆಂದು ಕರ್ಣಾಟವನ್ನು ಮಾಡಿಕೊಟ್ಟು ಅಲ್ಟಿಮೇಟ್ ಇಯರ್ಸ್ ಸಂಸ್ಥೆಗೆ ಅಡಿಪಾಯ ಹಾಕಿದನೆಂಬುದು ಮುಂದಿನ ಕಥೆ.

ಇಲ್ಲಿಂದಾಚೆಗೆ ಮತಭೇದ. ಜರ್ಮನಿಯ ಸೆನ್‌ಹೈಸರ್ 2021ರಲ್ಲಿ ಹೊರತಂದ ಐಇ 900ರಲ್ಲಿ, ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದ ಕವಚದೊಳಗೆ, ದನಿ ಹೊಮ್ಮಿಸುವ 7 ಮಿಲಿಮೀಟರಿನ ಡೈನಾಮಿಕ್ ಡ್ರೈವರ್ ಒಂದೇ ಒಂದು. ಮಂದ್ರವೂ ತಾರವೂ ಅದರಿಂದಲೇ ಹೊರಟು ಅದರಲ್ಲಿಯೇ ಲಯವಾಗಬೇಕು. ಇದು ಅದ್ವೈತ. ಅಮೆರಿಕದ ಶೂರ್ 2013ರಲ್ಲಿ ತಂದ ಎಸ್‌ಇ846ರಲ್ಲಿ ಡ್ರೈವರುಗಳು ನಾಲ್ಕು. ಮಂದ್ರದ ಧ್ವನಿಯನ್ನು ತೆಳ್ಳನೆಯ ಉಕ್ಕಿನ ತಗಡುಗಳ ನಡುವಣ ಬಳಸುದಾರಿಯಲ್ಲಿ ಸುತ್ತಿಸಿ, ಅದರಲ್ಲಿ ಬೆರೆತ ತಾರಾಂಶವನ್ನು ಸೋಸಿ ಬಿಡುತ್ತಾರೆ. ಭೇದವೂ ತಾರತಮ್ಯವೂ ಸತ್ಯವೆನ್ನುವ ಮಾಧ್ವಮತಕ್ಕೆ ಇದು ಹತ್ತಿರ. ಇನ್ನು 64 ಆಡಿಯೊ ಎಂಬ ಸಂಸ್ಥೆಯ ಯು18ಟಿ ಎಂಬುದರಲ್ಲಿ ಕಿವಿಯೊಂದಕ್ಕೆ ಹದಿನೆಂಟು ಡ್ರೈವರುಗಳಿವೆ. ಪರ್ವಗಳು ಹದಿನೆಂಟು, ಅಕ್ಷೌಹಿಣಿಗಳು ಹದಿನೆಂಟು, ಯುದ್ಧ ನಡೆದ ದಿನಗಳು ಹದಿನೆಂಟು. ಒಂದು ಕಿವಿಯಲ್ಲಿ ಕುರುಕ್ಷೇತ್ರವನ್ನೇ ನಡೆಸುವ ಸಿದ್ಧತೆಯಿದು ಎಂಬುದರಲ್ಲಿ ಸಂಶಯವಿಲ್ಲ. ಇಷ್ಟು ಜನಕ್ಕೆ ಕೆಲಸ ಹಂಚಿ, ಯಾರು ಯಾವ ಸ್ವರಕ್ಕೆ ಬಾಯಿ ತೆರೆಯಬೇಕೆಂದು ಗೊತ್ತುಮಾಡುವ ಕ್ರಾಸ್‌ಓವರ್ ಎಂಬುದು ಅವಿಭಕ್ತ ಕುಟುಂಬದ ಯಜಮಾನನಂತೆ; ಆತ ಬಿಗಿಯಾಗಿದ್ದರೆ ಮನೆ ಒಂದೇ ದನಿಯಲ್ಲಿ ಮಾತಾಡುತ್ತದೆ, ಸಡಿಲಬಿಟ್ಟರೆ ಸೊಸೆಯಂದಿರೆಲ್ಲ ಏಕಕಾಲಕ್ಕೆ.

ತಾರತಮ್ಯನಿರ್ಣಯಕ್ಕೆ ಪ್ರಮಾಣವಾವುದು? ಇತರ ವಿಷಯಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದಗಳೆಂದು ಬೇರೆ ಬೇರೆ ದಾರಿಗಳಿರುವಾಗ, ಇಲ್ಲಿ ಪ್ರತ್ಯಕ್ಷವಾಗುವುದೂ ಶಬ್ದವೇ, ಪ್ರಮೇಯವೂ ಶಬ್ದವೇ, ಆಪ್ತವಾಕ್ಯವೂ ಶಬ್ದವೇ ಆಗಿ, ಜಿಜ್ಞಾಸುವು ಶಬ್ದಾರಣ್ಯದಲ್ಲಿ ದಾರಿ ತಪ್ಪುವನು. ಆಪ್ತರೆನಿಸಿದ ವಿಮರ್ಶಕರ ವಾಕ್ಯಗಳಂತೂ ಕಿವಿಗೆ ಸಂಬಂಧಿಸಿದುವೆಂದು ತಿಳಿಯುವುದೇ ಕಷ್ಟ. ಒಂದು ಭಾನುವಾರ ಅಳಿಯನು ಗೆಳೆಯನೊಡನೆ ಫೋನಿನಲ್ಲಿ, "ಗಾಳಿ ಚೆನ್ನಾಗಿ ಆಡತ್ತೆ, ಬೆಳಕು ಸ್ವಲ್ಪ ಜಾಸ್ತಿನೇ, ಒಳಗಡೆ ವಿಶಾಲವಾಗಿದೆ, ಆದ್ರೆ ಕೆಳಗಡೆ ಯಾಕೋ ಖಾಲಿ ಖಾಲಿ ಅನ್ಸತ್ತೆ" ಎಂದು ಕರ್ಣಾಟವೊಂದರ ಗುಣಕಥನ ಮಾಡುತ್ತಿರಲು, ಹೂ ಕಟ್ಟುತ್ತ ಕುಳಿತಿದ್ದ ನನ್ನ ಹೆಂಡತಿ ತಲೆಯೆತ್ತಿ, "ಅಡ್ವಾನ್ಸ್ ಎಷ್ಟು ಕೇಳ್ತಾರಂತೆ?" ಎಂದಳು. ವಿಷಯ ತಿಳಿದ ಮೇಲೆ ಬೆಲೆಯನ್ನೂ ವಿಚಾರಿಸಿ, ಆ ದುಡ್ಡಿಗೆ ಅಡ್ವಾನ್ಸನ್ನೇ ಕೊಡಬಹುದಾಗಿತ್ತು ಎಂದು ಮತ್ತೆ ಹೂವಿನ ಕಡೆಗೆ ತಿರುಗಿದಳು.

ಆದರೆ ಧ್ವನಿಯನ್ನು ನೇರ ಮಾತಿನಲ್ಲಿ ಹಿಡಿಯಲಾಗದೆಂಬುದನ್ನು ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಸಾಧಿಸಿದ್ದಾನೆ. ಅವನು ಹೇಳಿದ್ದು ಕಾವ್ಯದ ಧ್ವನಿಯನ್ನು, ಇದು ಬೇರೆ, ಎಂದು ಆಕ್ಷೇಪಿಸುವವರಿಗೆ ಈ ಪ್ರಬಂಧದ ಮುಂದಿನ ಭಾಗವನ್ನು ಓದುವ ಅಧಿಕಾರವಿಲ್ಲ. ಕರ್ಣಾಟದ ವಾಚ್ಯಾರ್ಥವೆಂದರೆ ಹಾಡು ಕೇಳಿಸಿತೆಂಬುದು. ಇಷ್ಟು ಮುನ್ನೂರು ರೂಪಾಯಿಯ ಯಂತ್ರಕ್ಕೂ ಸಿದ್ಧಿಸುತ್ತದೆ. ಗಾಯಕನ ಮಗ್ಗುಲಲ್ಲಿ ತಂಬೂರಿ ಹಿಡಿದು ಕುಳಿತಂತಾಯಿತು ಎಂಬುದು ಲಕ್ಷ್ಯಾರ್ಥ. ಇದನ್ನು ಧರಿಸಿದವನು ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ ಎಂಬುದು ವ್ಯಂಗ್ಯಾರ್ಥ. ವ್ಯಂಗ್ಯವು ವಾಚ್ಯವನ್ನು ಮೀರಿದಾಗಲೇ ಉತ್ತಮಕಾವ್ಯವೆಂಬುದು ಆಲಂಕಾರಿಕರ ತೀರ್ಪು.

ಪ್ರಯೋಗಕ್ಕೆ ಬರೋಣ. ಇಆರ್-4ರ ತುದಿಯಲ್ಲಿ ಒಂದರ ಮೇಲೊಂದು ಕೊಡೆ ಬಿಚ್ಚಿದಂತೆ ಮೂರು ಅಂಚುಗಳ ಮೆತ್ತನೆಯ ಟಿಪ್ ಇರುತ್ತದೆ. ಬಲಗೈಯನ್ನು ತಲೆಯ ಹಿಂದಿನಿಂದ ಬಳಸಿ ತಂದು ಎಡಗಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು (ಶಾಲೆಯಲ್ಲಿ ಮೇಷ್ಟರು ಹಿಂಡುತ್ತಿದ್ದ ಭಾಗವೇ ಇದು), ಎಡಗೈಯಿಂದ ಆ ತ್ರಿಚ್ಛತ್ರವನ್ನು ತಿರುಗಿಸುತ್ತ ಒಳಗೆ ನೂಕಬೇಕು. ಬಾಯಲ್ಲಿ ಒಮ್ಮೆ ಒದ್ದೆ ಮಾಡಿಕೊಂಡರೆ ಸಲೀಸೆಂದು ಅಳಿಯ ಹೇಳಿದ. ಎಂಜಲಿನ ಪ್ರಶ್ನೆ ಬಂದುದರಿಂದ ಪಂಚಪಾತ್ರೆಯ ನೀರಿನಿಂದ ಆ ಸಂಸ್ಕಾರ ನಡೆಯಿತು. ಮೊದಲ ಕೊಡೆ ಕಚಗುಳಿಯಿಡುತ್ತದೆ, ಎರಡನೆಯದು ಆಕಳಿಕೆ ತರಿಸುತ್ತದೆ, ಮೂರನೆಯದು ಹೊಕ್ಕೊಡನೆ ಬೀದಿ, ಫ್ಯಾನು, ನೆರೆಮನೆಯ ನಾಯಿ ಎಲ್ಲವೂ ಒಟ್ಟಿಗೆ ಇಲ್ಲವಾಗಿ, ನಿಮ್ಮ ಉಸಿರು ನಿಮಗೇ ಭೂತದ ಉಸಿರಿನಂತೆ ಕೇಳುತ್ತದೆ. ಆ ಸ್ಥಿತಿಯಲ್ಲಿ ಕೋಡುಬಳೆಯೊಂದನ್ನು ಕಡಿದೆ. ತಲೆಯೊಳಗೆ ಜಲ್ಲಿಯಂತ್ರ ನಡೆದಂತಾಯಿತು.

ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕೊನೆ ಮುಚ್ಚಿದ ಕೊಳವೆ. 3000 ಹರ್ಟ್ಸಿನ ಆಸುಪಾಸಿನ ದನಿಯನ್ನು ಅದು ತಾನಾಗಿಯೇ ಹಿಗ್ಗಿಸಿಕೊಳ್ಳುತ್ತದೆ. ಬಾಯಿಗೆ ಬೆಣೆ ಬಡಿದೊಡನೆ ಈ ಹಿಗ್ಗು ಕೆಡುವುದರಿಂದ, ದೇವರು ಕೊಟ್ಟು ತಾನು ಕಿತ್ತುಕೊಂಡದ್ದನ್ನು ಕರ್ಣಾಟಕಾರನು ತಾನೇ ಹಿಂದಿರುಗಿಸಬೇಕು. ಈ ಋಣವನ್ನು ಯಾವ ಸ್ಥಾನದಲ್ಲಿ ಎಷ್ಟು ಡೆಸಿಬೆಲ್ ತೀರಿಸಬೇಕೆಂಬಲ್ಲಿಯೇ ಒಂದು ಕರ್ಣಾಟಕ್ಕೂ ಇನ್ನೊಂದಕ್ಕೂ ಇರುವ ಭೇದದ ಬಹುಭಾಗ ಅಡಗಿದೆ. ಟಿಪ್ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ಸಂದುಳಿದರೂ ಮಂದ್ರವೆಲ್ಲ ತೂತುಗಡಿಗೆಯ ನೀರಿನಂತೆ ಸೋರಿಹೋಗುತ್ತದೆ. ಹಾಗೆ ಸೋರಿದ ಮೇಲೆ ಅದು ಸಾವಿರ ರೂಪಾಯಿಯದೋ ಲಕ್ಷದ್ದೋ ಎಂದು ಸೋರಿದ ಮಂದ್ರಕ್ಕೆ ತಿಳಿಯದು. ನನ್ನ ಒರೆಗಲ್ಲು ತಂಬೂರಿ. ಕುದುರೆಯ ಮೇಲೆ ತಂತಿಯ ಕೆಳಗಿಟ್ಟ ಜೀವದ ಎಳೆಯಿಂದ ಹುಟ್ಟುವ ಝೇಂಕಾರದಲ್ಲಿ ಕೆಳಗಿನ ಸ್ವರದಿಂದ ಮೇಲಿನ ಅನುಸ್ವರಗಳವರೆಗೆ ಎಲ್ಲವೂ ಇರುವುದರಿಂದ, ಒಂದು ಕರ್ಣಾಟದಲ್ಲಿ ಆ ಜೀವವು ಬೆಳ್ಳಿಯ ಪುಡಿ ಉದುರಿಸಿದಂತೆ ಮುಂದೆ ಬಂದರೆ ಇನ್ನೊಂದರಲ್ಲಿ ಕಂಬಳಿ ಹೊದ್ದು ಹಿಂದೆ ನಿಲ್ಲುತ್ತದೆ. ಎಸ್‌ಇ846ರಲ್ಲಿ ಮೃದಂಗದ ಎಡಗಡೆಯ ಗುಮುಕಿ ಹೊಟ್ಟೆಯವರೆಗೆ ಇಳಿಯಿತು. ಇಆರ್-4ರಲ್ಲಿ ಅದು ಸೊರಗಿತ್ತಾದರೂ, ಎಡಕ್ಕೆ ಹಚ್ಚಿದ ಕಣಕ ಬನ್ಸಿರವೆಯದೋ ಚಿರೋಟಿರವೆಯದೋ ಎಂಬುದು ಸ್ಪಷ್ಟವಾಗುತ್ತಿತ್ತೆಂದು ನನ್ನ ಟಿಪ್ಪಣಿಯಲ್ಲಿದೆ. ಈಗ ಓದಿದರೆ ನನಗೇ ಸ್ವಲ್ಪ ಹೆಚ್ಚಾಯಿತೆನಿಸುತ್ತದೆ. ಈ ಕ್ಷೇತ್ರದ ವಾಡಿಕೆಗೆ ಅದು ಕಡಿಮೆಯೇ.

ತೂಗಿನೋಡುವ ಕ್ರಮವನ್ನು ಭರತಮುನಿಯೇ ಹಾಕಿಕೊಟ್ಟಿದ್ದಾನೆ. ಶ್ರುತಿಗಳು 22 ಎಂಬುದನ್ನು ತೋರಿಸಲು ಅವನು ಒಂದೇ ಪ್ರಮಾಣದ ಎರಡು ವೀಣೆಗಳನ್ನು ತೆಗೆದುಕೊಂಡು, ಒಂದನ್ನು ಇದ್ದಂತೆಯೇ ಇಟ್ಟು, ಇನ್ನೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಎರಡನ್ನೂ ಹೋಲಿಸಿದನು. 'ಒಂದೇ ಪ್ರಮಾಣದ' ಎಂಬ ವಿಶೇಷಣವನ್ನು ಅಳಿಯನು ಮರೆತದ್ದರಿಂದ ನಮ್ಮ ಮೊದಲ ಹತ್ತು ದಿನಗಳ ಫಲಿತಾಂಶವೆಲ್ಲ ನೀರುಪಾಲಾಯಿತು. ದನಿ ಕೊಂಚ ಏರಿದರೆ ಸಾಕು, ಮಂದ್ರವು ತುಂಬಿಬಂದು ಎಲ್ಲವೂ ರುಚಿಕಟ್ಟಾಗುತ್ತದೆ. ದನಿ ತಗ್ಗಿದಾಗ ಕಿವಿ ಮೊದಲು ಕಳೆದುಕೊಳ್ಳುವುದು ಮಂದ್ರವನ್ನೇ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಗೆರೆಯೆಳೆದು ತೋರಿಸಿದ್ದರು. ತನ್ನ ದುಡ್ಡು ಬಿದ್ದಿದ್ದ ಕರ್ಣಾಟದ ಸರದಿ ಬಂದಾಗಲೆಲ್ಲ ಅಳಿಯನ ಹೆಬ್ಬೆರಳು ಫೋನಿನ ಮೇಲೆ ಅರಿವಿಲ್ಲದೆಯೇ ಮೇಲಕ್ಕೆ ಸರಿಯುತ್ತಿದ್ದುದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಆಮೇಲೆ ಗಾಂಧಾರೀವ್ರತವನ್ನು ಕೈಗೊಂಡು ಕಣ್ಣಿಗೆ ಪಂಚೆ ಕಟ್ಟಿ ಕುಳಿತೆ. ಆದರೆ ಕಣ್ಣು ಕಟ್ಟಿದರೇನು, ತ್ರಿಚ್ಛತ್ರವು ಒಳಹೊಕ್ಕರೆ ಕಿವಿಯ ಚರ್ಮವೇ ಅದರ ಹೆಸರು ಹೇಳುತ್ತದೆ. ಹಾರ್ಮನ್ ಸಂಸ್ಥೆಯ ಶಾನ್ ಓಲಿವ್ ಮುಂತಾದವರು ಈ ತೊಡಕನ್ನು ಕಳೆಯಲು, ಶ್ರೋತೃವಿನ ಕಿವಿಯಲ್ಲಿ ಒಂದೇ ಯಂತ್ರವನ್ನಿಟ್ಟು, ಅದರ ಮೂಲಕವೇ ಬೇರೆ ಬೇರೆ ಯಂತ್ರಗಳ ದನಿಯನ್ನು ಅನುಕರಿಸಿ ಕೇಳಿಸಿದರು. ಒಬ್ಬನೇ ನಟನು ಹಲವು ವೇಷ ಕಟ್ಟಿದಂತೆ. 2017ರಲ್ಲಿ ಬ್ರೇಬಾರ್ಟ್ ಎಂಬ ವಿದ್ವಾಂಸನು 283 ಹೆಡ್‌ಫೋನುಗಳ ಅಳತೆಗಳನ್ನು ಒಟ್ಟುಮಾಡಿ, ಅವುಗಳ ಸ್ವರಪ್ರತಿಕ್ರಿಯೆಗೂ ಅಂಗಡಿಯ ಬೆಲೆಗೂ ಸಂಬಂಧ ಕಾಣದೆಂದು ಪ್ರಕಟಿಸಿದನು. ಇದನ್ನು ಅಳಿಯನಿಗೆ ಓದಿ ಹೇಳಿದೆ. ಅವನು ಕರ್ಣಾಟ ತೊಟ್ಟಿದ್ದನು.

ಹೊಸ ಕರ್ಣಾಟವನ್ನು ನೂರು ಗಂಟೆ ನುಡಿಸಿ ಹದಮಾಡಬೇಕೆಂಬ ಬರ್ನ್-ಇನ್ ಸಂಪ್ರದಾಯದ ವಿಚಾರದಲ್ಲಿ ದೋಸೆಕಾವಲಿಯ ದೃಷ್ಟಾಂತವನ್ನು ಕೊಡುವವರುಂಟು. ಕಾವಲಿ ಪಳಗುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಪಳಗುವುದು ಕಿವಿಯೆಂದು ನನ್ನ ಪಕ್ಷ. ನೂರು ಗಂಟೆ ಒಬ್ಬರೊಡನೆ ಬಾಳಿದರೆ ಅವರ ಗೊರಕೆಯೂ ಶ್ರುತಿಬದ್ಧವಾಗಿ ಕೇಳುತ್ತದೆ.

ಹೊರಗಿನ ಸದ್ದನ್ನು ತಡೆಯುವ ಗುಣವನ್ನು ಪಾಶ್ಚಾತ್ಯರು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಿಂತ ಪ್ರಾಯೋಗಿಕವಾದ ಮಾನವೊಂದು ರೂಪುಗೊಂಡಿತು. ಕುಕ್ಕರಿನಲ್ಲಿ ಬೇಳೆಯಿಟ್ಟು, "ರೀ, ಮೂರು ಕೂಗು ಆದ್ಮೇಲೆ ಆರಿಸಿ" ಎಂದು ಹೇಳಿ ಹೆಂಡತಿ ದೇವಸ್ಥಾನಕ್ಕೆ ಹೋಗುವಳಷ್ಟೆ. ಯಾವ ಕರ್ಣಾಟವನ್ನು ಧರಿಸಿದವನು ಎಷ್ಟನೆಯ ಕೂಗಿಗೆ ಎಚ್ಚೆತ್ತನೋ ಅಷ್ಟೇ ಅದರ ನಿರೋಧಶಕ್ತಿ. ಸೆನ್‌ಹೈಸರಿನದು ನಾಲ್ಕು ಕೂಗು. ಶೂರ್‌ನ ಸ್ಪಂಜಿನ ಟಿಪ್ಪಿಗೆ ಆರು. ತ್ರಿಚ್ಛತ್ರದ ಇಆರ್-4ಕ್ಕೆ ಕೂಗಿನ ಲೆಕ್ಕ ಸಿಗಲಿಲ್ಲ. ಅಲ್ಲಿ ನನ್ನನ್ನು ಎಚ್ಚರಿಸಿದ್ದು ಮೂಗು.

ಈ ಸಂಶೋಧನೆಯ ಪರಾಕಾಷ್ಠೆಯೆಂದರೆ 'ವಾಮಪಾರ್ಶ್ವದೌರ್ಬಲ್ಯ' ಎಂಬ ಮೂರು ಪುಟಗಳ ಅಧ್ಯಾಯ. ಇಲ್ಲಿ ಹೆಸರಿಸದ ಕರ್ಣಾಟವೊಂದರಲ್ಲಿ ಎಡಗಡೆಯ ದನಿಯು ಬಲಗಡೆಯದಕ್ಕಿಂತ ಮಂಕಾಗಿರುವುದನ್ನು ನಾನೊಬ್ಬನೇ ಪತ್ತೆಹಚ್ಚಿ, ಅದಕ್ಕೆ ತಯಾರಕರ ಅಲಕ್ಷ್ಯ, ತಂತಿಯ ದೋಷ, ಕೊನೆಗೆ ವಾಸ್ತು ಎಂದು ಮೂರು ಕಾರಣಗಳನ್ನು ಊಹಿಸಿದ್ದೆ. ಸುಶ್ರುತನು ಎಣಿಸಿದ 28 ಕರ್ಣರೋಗಗಳ ಪಟ್ಟಿಯನ್ನು ಅಲಂಕಾರಕ್ಕೆಂದು ಆ ಅಧ್ಯಾಯದ ಮೊದಲಲ್ಲಿ ಸೇರಿಸಿಯೂ ಇದ್ದೆ. ಕಿವಿ ತುಸು ನೋಯತೊಡಗಿದ್ದರಿಂದ ಕಳೆದ ವಾರ ವೈದ್ಯರಲ್ಲಿಗೆ ಹೋದಾಗ, ಅವರು ಹಣೆಯ ದೀಪವನ್ನು ಎಡಗಿವಿಯೊಳಕ್ಕೆ ಹಾಯಿಸಿ, ಬೆಚ್ಚನೆಯ ನೀರನ್ನು ಪಿಚಕಾರಿಯಿಂದ ಎರಡು ಸಲ ಬಿಟ್ಟು, ತಟ್ಟೆಯಲ್ಲಿ ಬಿದ್ದ ಹೆಸರುಕಾಳಿನಷ್ಟು ದಪ್ಪದ ಕಂದು ಗುಗ್ಗೆಯನ್ನು ಹತ್ತಿಯ ಮೇಲಿಟ್ಟು ತೋರಿಸಿದರು. ಸುಶ್ರುತನ ಪಟ್ಟಿಯಲ್ಲಿ ಅದರ ಹೆಸರು ಕರ್ಣಗೂಥಕ. "ಏನಾದ್ರೂ ಒಳಗೆ ತುರುಕ್ತಾ ಇದ್ರಾ?" ಎಂದು ವೈದ್ಯರು ಕೇಳಿದ್ದು ಎಡಗಿವಿಗೆ ಎಷ್ಟು ಸ್ಫುಟವಾಗಿ ಕೇಳಿಸಿತೆಂದರೆ, ಆ ದನಿಗೆ ಗಾಳಿಯೂ ಇತ್ತು, ಬೆಳಕೂ ಇತ್ತು.

ಮನೆಗೆ ಬಂದು ಆ ಕರ್ಣಾಟವನ್ನು ತೊಟ್ಟೆ; ಈಗ ಮಂಕಾದದ್ದು ಬಲಗಡೆ. ಎಡದ ಮೂರು ಪುಟಗಳನ್ನು ಹರಿಯಲು ಮನಸ್ಸು ಬಾರದೆ, ಅವುಗಳ ನೆತ್ತಿಯಲ್ಲಿ 'ಪ್ರಕ್ಷಿಪ್ತ' ಎಂದು ಕೆಂಪು ಶಾಯಿಯಲ್ಲಿ ಬರೆದು ಅನುಬಂಧಕ್ಕೆ ಸೇರಿಸಿದ್ದೇನೆ. ಬಲಗಿವಿಯನ್ನು ವೈದ್ಯರು ಬರುವ ಗುರುವಾರ ನೋಡುತ್ತಾರಂತೆ. ಅಷ್ಟರೊಳಗಾಗಿ 'ದಕ್ಷಿಣಪಾರ್ಶ್ವದೌರ್ಬಲ್ಯ'ವನ್ನು ಬರೆದು ಮುಗಿಸಬೇಕಾಗಿದೆ.