ಒಳಗೆ ಅಮೆರಿಕ, ಹೊರಗೆ ರಷ್ಯ: ಶೀತಲ ಸಮರದ ಬಾಗಲಕೋಟೆ ಕಾಂಡ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕವೂ ಸೋವಿಯತ್ ಒಕ್ಕೂಟವೂ ಸುಮಾರು 45 ವರ್ಷ ಒಂದರ ಮೈ ಇನ್ನೊಂದು ಮುಟ್ಟದೆ ಹೊಡೆದಾಡಿದ ಪ್ರಸಂಗಕ್ಕೆ ವಿದ್ವಾಂಸರು ಶೀತಲ ಸಮರ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರಲ್ಲಿ ಒಬ್ಬರೂ ಏಪ್ರಿಲ್ ತಿಂಗಳಲ್ಲಿ ಇಳಕಲ್ಲಿಗೆ ಬಂದವರಲ್ಲ. ಅಲ್ಲಿನ ಕೆಂಪು ಗ್ರಾನೈಟ್ ಕಣಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲು ಇಟ್ಟಿದ್ದರೆ 'ಶೀತಲ' ಎಂಬ ಶಬ್ದ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಬರ್ಲಿನ್, ಕೊರಿಯಾ, ಕ್ಯೂಬಾ, ವಿಯೆಟ್ನಾಂ ಎಂದು ಯುದ್ಧರಂಗಗಳ ಪಟ್ಟಿ ಹಾಕುವ ಗ್ರಂಥಗಳನ್ನು ಹಿಂದುಮುಂದು ತಿರುವಿ ನೋಡಿದ್ದೇನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ನಾಲ್ಕು ಹೆಸರು ಅಡಿಟಿಪ್ಪಣಿಯಲ್ಲೂ ಇಲ್ಲ. ಈ ಲೋಪ ತಿದ್ದುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಬಳಸಿದ ಆಕರಗಳು: ಕೆಲವು ಶಾಸನಗಳು, ಒಂದು ಎಣ್ಣೆ ಡಬ್ಬಿ, ಏಳನೇ ಇಯತ್ತೆಯ ಗಣಿತ ಪುಸ್ತಕದ ಹೊದಿಕೆ, ಮತ್ತು ನಮ್ಮವ್ವ. ಕೊನೆಯ ಆಕರವನ್ನು ಪ್ರಶ್ನಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲದ್ದರಿಂದ ಅದನ್ನು ಪರಮ ಪ್ರಮಾಣವೆಂದು ಸ್ವೀಕರಿಸಲಾಗಿದೆ.

ಪ್ರತಿಜ್ಞೆ ಇಷ್ಟು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಈ ಸೀಮೆಯ ಸಾಲಿ ಹುಡುಗನ ಹೊಟ್ಟೆಯೊಳಗೆ ಅಮೆರಿಕವಿತ್ತು, ಕಂಕುಳಲ್ಲಿ ರಷ್ಯವಿತ್ತು. ದಿಲ್ಲಿಯವರು ಇದನ್ನು ಅಲಿಪ್ತ ನೀತಿ ಎಂದು ಕರೆದು 1961ರಲ್ಲಿ ಬೆಲ್‌ಗ್ರೇಡಿನವರೆಗೆ ಹೋಗಿ ಸಮ್ಮೇಳನ ಮಾಡಿ ಬಂದರು. ನಾವು ಸಾಲಿಗೆ ಹೋಗಿ ಬಂದೆವು.

ಮೊದಲು ಪೂರ್ವಪಕ್ಷ. ಎರಡು ಮಹಾಶಕ್ತಿಗಳ ಪೈಪೋಟಿ 20ನೆಯ ಶತಮಾನದ ಹೊಸ ಆವಿಷ್ಕಾರ ಎಂದು ವಾದಿಸುವವರಿದ್ದಾರೆ. ಅವರು ಹುನಗುಂದ ಸೀಮೆಯ ಐಹೊಳೆಗೆ ಹೋಗಿ ಮೇಗುತಿ ಗುಡಿಯ ಗೋಡೆ ನೋಡಬೇಕು. 634ರಲ್ಲಿ ರವಿಕೀರ್ತಿ ಅಲ್ಲಿ ಕೆತ್ತಿಸಿದ ಶಾಸನದ ಪ್ರಕಾರ ಇಮ್ಮಡಿ ಪುಲಿಕೇಶಿಯ ಸೈನ್ಯ ಎಬ್ಬಿಸಿದ ಧೂಳಿಗೇ ಪಲ್ಲವರ ದೊರೆ ಕಂಚಿಯ ಕೋಟೆಯೊಳಗೆ ಮರೆಯಾದ. ಕಂಚಿಯ ಕಡೆಯ ತಾಮ್ರಪಟ ತೆಗೆದರೆ ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ಮುಖ್ಯ ಶತ್ರುಗಳನ್ನು ಸದೆಬಡಿದ ಎಂದಿದೆ. ಶತ್ರು ಯಾರು ಎಂದು ಮಾತ್ರ ಹೇಳಿಲ್ಲ. ಇಬ್ಬರೂ ಗೆದ್ದರು, ಸೋತವರ ಪತ್ತೆಯಿಲ್ಲ. ಮಾಸ್ಕೋ ಮತ್ತು ವಾಷಿಂಗ್ಟನ್ನಿನ ಪ್ರಕಟಣೆಗಳನ್ನು ಓದಿ ಬೆಳೆದವರಿಗೆ ಈ ಶೈಲಿ ಹೊಸದಲ್ಲ. ಆಮೇಲೆ 642ರಲ್ಲಿ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದು, ವಾತಾಪಿಕೊಂಡ ಎಂದು ಬಿರುದು ಹಚ್ಚಿಕೊಂಡು, ಊರ ಬಂಡೆಯ ಮೇಲೆ ಶಾಸನವನ್ನೂ ಬರೆಸಿದ. ಒಂದು ಹನ್ನೆರಡು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು. ಬರ್ಲಿನ್ನಿನವರು 28 ವರ್ಷದ ಗೋಡೆಗೆ ಅಷ್ಟು ಅತ್ತರು. ನಾವು ಅತ್ತ ದಾಖಲೆ ಇಲ್ಲ.

ಬಾದಾಮಿಯ ಭೂರಚನೆಯೂ ನಮ್ಮ ವಾದಕ್ಕೆ ಅನುಕೂಲವಾಗಿದೆ. ತೆಂಕಣ ಗುಡ್ಡ ಒಂದು ಬಣ, ಬಡಗಣ ಗುಡ್ಡ ಇನ್ನೊಂದು ಬಣ, ನಡುವೆ ಯಾರ ಪಕ್ಷಕ್ಕೂ ಸೇರದ ಅಗಸ್ತ್ಯತೀರ್ಥ. ಎರಡೂ ಗುಡ್ಡಗಳಲ್ಲಿ ಓಡಾಡುವ ಮಂಗಗಳು ಈ ಕಡೆಯ ಪ್ರವಾಸಿಯ ಶೇಂಗಾವನ್ನೂ ಆ ಕಡೆಯ ಪ್ರವಾಸಿಯ ಬಾಳೆಹಣ್ಣನ್ನೂ ಸಮಾನ ಗೌರವದಿಂದ ಸ್ವೀಕರಿಸಿ, ಯಾರಿಗೂ ರಸೀದಿ ಕೊಡದೆ ಹೋಗುತ್ತವೆ. ತೃತೀಯ ಜಗತ್ತಿನ ವಿದೇಶಾಂಗ ನೀತಿಯ ಬಗ್ಗೆ ಇದಕ್ಕಿಂತ ಸ್ಪಷ್ಟ ಪ್ರಾತ್ಯಕ್ಷಿಕೆ ನಾನು ಕಂಡಿಲ್ಲ.

ಇನ್ನು ಹೊಟ್ಟೆಯ ಪ್ರಕರಣ. 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಪಿ.ಎಲ್. 480 ಎಂಬ ಕಾಯಿದೆಯಂತೆ ಅಮೆರಿಕದ ಹೆಚ್ಚುವರಿ ಧಾನ್ಯ ನಮ್ಮ ದೇಶಕ್ಕೆ ಬರತೊಡಗಿದ್ದು 1956ರ ಒಪ್ಪಂದದಿಂದ. 1965–66ರ ಬರಗಾಲದಲ್ಲಿ, ಭಾರತ ವಿಯೆಟ್ನಾಂ ಯುದ್ಧವನ್ನು ಟೀಕಿಸಿತೆಂಬ ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ ಧಾನ್ಯವನ್ನು ತಿಂಗಳ ಲೆಕ್ಕದಲ್ಲಿ ಅಳೆದಳೆದು ಬಿಟ್ಟ. ಕಿರಾಣಿ ಅಂಗಡಿಯವ ಉದ್ರಿ ಗಿರಾಕಿಗೆ ಕೊಡುವ ಪದ್ಧತಿ ಇದು. ನಮ್ಮವರಿಗೆ ತಟ್ಟನೆ ಅರ್ಥವಾಯಿತು. ಅರ್ಥವಾಗದೆ ಹೋದದ್ದು ಅವರ ಕೆಂಪು ಜೋಳ. ಇದು ಬಿಳಿಜೋಳದ ಸೀಮೆ. ಇಲ್ಲಿ ರಾಷ್ಟ್ರಗಳ ಬಲಾಬಲವನ್ನು ಅಳೆಯುವ ಮಾನದಂಡ ಒಂದೇ, ಹಿಟ್ಟಿನ ಜಿಗಿ. ಎಸರು ಹೊಯ್ದು ನಾದಿ, ಉಂಡೆ ಮಾಡಿ, ಬಡಿಯುವಾಗ ಅಂಚು ಒಡೆಯಬಾರದು. ರೊಟ್ಟಿ ಕೈಯಿಂದ ಹಂಚಿಗೆ ಹೋಗುವ ಆ ಒಂದು ಗೇಣು ದಾರಿಯಲ್ಲಿ ಹರಿಯಬಾರದು. ಅಮೆರಿಕದ ಜೋಳ ಪ್ರತಿ ಸಲ ಆ ಗೇಣು ದಾರಿಯಲ್ಲೇ ಹರಿಯಿತು. "ಬಾಂಬ್ ಮಾಡಾಕ ಬರ್ತದ, ಜಿಗಿ ಇರೋ ಜ್ವಾಳ ಬೆಳಿಯಾಕ ಬರೂದಿಲ್ಲೇನ ಅವರಿಗೆ?" ಎಂದು ನಮ್ಮವ್ವ ಒಲೆಯ ಮುಂದೆ ಕೇಳಿದ ಪ್ರಶ್ನೆಗೆ ಅಮೆರಿಕದ ಕೃಷಿ ಇಲಾಖೆಯಿಂದ ಉತ್ತರ ಇನ್ನೂ ಬಂದಿಲ್ಲ. 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್. 1 ಎಂಬ ಹೈಬ್ರೀಡ್ ಜೋಳದ ತಾಯಿ ಬೇರೂ ಅಮೆರಿಕದ್ದೇ. ಇಳುವರಿ ಕೊಟ್ಟಿತು, ರುಚಿ ಕೊಡಲಿಲ್ಲ. ಅಂದಿನಿಂದ ನಮ್ಮ ಕಡೆ ಒಂದು ಮೂಟೆ ಎತ್ತಲಾರದ ಹುಡುಗನಿಗೂ 'ಹೈಬ್ರೀಡ್' ಎಂದೇ ಬೈಗುಳ.

ಸಾಲಿಯಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು. ಅದರ ರುಚಿಯ ಬಗ್ಗೆ ನಾನು ನಿಷ್ಪಕ್ಷಪಾತಿಯಾಗಿ ಬರೆಯಲಾರೆ. ಇಂದಿಗೂ ಆ ವಾಸನೆ ನೆನಪಾದರೆ ಕೈ ತಾನೇ ತಾಟು ಹುಡುಕುತ್ತದೆ. ಹಿರಿಯ ಹುಡುಗರು ಮೂರು ಕಲ್ಲಿನ ಒಲೆ ಹೂಡಿ, ತಗಡಿನ ಡಬ್ಬಿಯ ಎಣ್ಣೆ ಸುರಿದು, ಗೋಧಿನುಚ್ಚು ಹುರಿಯುತ್ತಿದ್ದರು. ಡಬ್ಬಿಯ ಮೇಲೆ ಎರಡು ಕೈ ಒಂದನ್ನೊಂದು ಕುಲುಕುವ ಚಿತ್ರ, ಕೆಳಗೆ ಇದು ಮಾರಾಟಕ್ಕಲ್ಲ, ವಿನಿಮಯಕ್ಕೂ ಅಲ್ಲ ಎಂದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಓದಲು ಬಾರದ್ದರಿಂದ ನಾವು ಒಂದು ಮುಷ್ಟಿ ಉಪ್ಪಿಟ್ಟಿಗೆ ನಾಲ್ಕು ಗೋಲಿಗುಂಡದ ದರದಲ್ಲಿ ಧಾರಾಳವಾಗಿ ವಿನಿಮಯ ಮಾಡಿದೆವು. ಈ ಗೋಧಿಯ ಜೊತೆಗೇ ಬಂದಿತೆಂದು ಬಹುಮಂದಿ ನಂಬಿರುವ ಒಂದು ಕಳೆ ಹೊಲದ ಬದುಗಳಲ್ಲೆಲ್ಲ ಹಬ್ಬಿತು. ಗೋಧಿಗೂ ಅದಕ್ಕೂ ಸಂಬಂಧವಿದೆಯೇ ಎಂಬುದರಲ್ಲಿ ಸಸ್ಯಶಾಸ್ತ್ರಜ್ಞರಿಗೆ ಭಿನ್ನಾಭಿಪ್ರಾಯವುಂಟು. ಅಮೆರಿಕ ಖಂಡದ ಆ ಕಳೆಗೆ ನಮ್ಮ ಜನ ಕಾಂಗ್ರೆಸ್ ಕಸ ಎಂದು ಹೆಸರಿಟ್ಟದ್ದೇಕೆ ಎಂಬುದು ರಾಜ್ಯಶಾಸ್ತ್ರ ವಿಭಾಗಕ್ಕೆ ಸೇರಿದ ವಿಷಯ.

ಕಂಕುಳಿನ ಪ್ರಕರಣ ಇದಕ್ಕಿಂತ ನಯವಾದದ್ದು, ಅಕ್ಷರಶಃ. ಸೋವಿಯತ್ ರಾಯಭಾರ ಕಚೇರಿ ಹೊರಡಿಸುತ್ತಿದ್ದ 'ಸೋವಿಯತ್ ಲ್ಯಾಂಡ್' ಕನ್ನಡದಲ್ಲೂ ಬರುತ್ತಿತ್ತು. ಚಂದಾ ಅಗ್ಗ, ಮೇಲೊಂದು ಕ್ಯಾಲೆಂಡರು. ದಪ್ಪ ಕಾಗದ, ಹೊಳಪು, ಸೀಮೆಎಣ್ಣೆ ಬೆರೆತಂಥ ಶಾಯಿಯ ವಾಸನೆ. ಜೂನ್ ತಿಂಗಳಲ್ಲಿ ಸಾಲಿ ಶುರುವಾಗುವ ಹೊತ್ತಿಗೆ ಸೀಮೆಯ ಮಕ್ಕಳೆಲ್ಲ ಹಠಾತ್ತನೆ ಸಮಾಜವಾದದ ಕಡೆ ವಾಲುತ್ತಿದ್ದರು. ನಡುವಿನ ಪಿನ್ನು ಬಿಚ್ಚಿ ಜೋಡಿಹಾಳೆ ತೆಗೆಯಬೇಕು. ಪುಸ್ತಕ ಅದರ ಮೇಲೆ ಬೋರಲಾಗಿಡಬೇಕು. ಬೆನ್ನಿನ ಮೇಲೂ ಕೆಳಗೂ ಕತ್ತರಿಯಿಂದ ಕಚ್ಚು ಕೊಟ್ಟು, ಮೂಲೆ ಮಡಿಚಿ, ಮೈದಾ ಅಂಟು ಸವರಿ, ರಾತ್ರಿಯೆಲ್ಲ ಒರಳುಕಲ್ಲಿನ ಕೆಳಗೆ ಇಡಬೇಕು. ನನ್ನ ಗಣಿತದ ಮೇಲೆ ಸೈಬೀರಿಯದ ಜಲವಿದ್ಯುತ್ ಕೇಂದ್ರವಿತ್ತು. ಅಣ್ಣನ ಇತಿಹಾಸದ ಮೇಲೆ ಗೋಧಿ ಒಕ್ಕುವ ಯಂತ್ರದ ಮೇಲೆ ನಿಂತು ನಗುವ ಒಬ್ಬ ತಾಯಿ. ಮನೆಯಲ್ಲಿ ಹೆಚ್ಚು ಗೋಧಿ ಇದ್ದ ದೇಶ ಯಾವುದೆಂದು ಆ ಚಿತ್ರ ನೋಡಿ ಹೇಳುವುದಾದರೆ ಉತ್ತರ ರಷ್ಯ. ತಾಟಿನಲ್ಲಿ ಇದ್ದದ್ದು ಮಾತ್ರ ಅಮೆರಿಕದ್ದು. ಆ ಕಾಲದಲ್ಲಿ ರಷ್ಯ ತಾನೇ ಅಮೆರಿಕದಿಂದ ಗೋಧಿ ಕೊಂಡದ್ದು, ಅದೂ 1972ರಲ್ಲಿ ದಂಡಿಯಾಗಿ ಕೊಂಡದ್ದು, ಆ ನಗುವ ತಾಯಿಗೆ ಯಾರೂ ಹೇಳಿರಲಿಕ್ಕಿಲ್ಲ.

ಅಮೆರಿಕವೂ 1960ರಿಂದ 'ಸ್ಪ್ಯಾನ್' ಎಂಬ ಸೊಗಸಾದ ಪತ್ರಿಕೆ ತರುತ್ತಿತ್ತು. ಇಂಗ್ಲಿಷಿನಲ್ಲಿದ್ದದ್ದರಿಂದ ಅದು ಮಾಸ್ತರರ ಮನೆಯ ಆಚೆ ದಾಟಲಿಲ್ಲ. ಮಾಸ್ಕೋದ ಪ್ರಗತಿ ಪ್ರಕಾಶನ ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕಿ ಕಳಿಸಿತು. ಹೀಗೆ ಒಬ್ಬರಿಗೆ ನಮ್ಮ ಹಸಿವು ತಿಳಿದಿತ್ತು, ಒಬ್ಬರಿಗೆ ನಮ್ಮ ಭಾಷೆ ತಿಳಿದಿತ್ತು. ಎರಡೂ ತಿಳಿದವ ಬಸ್‌ಸ್ಟ್ಯಾಂಡಿನ ಗಿರ್ಮಿಟ್ ಅಂಗಡಿಯವನೊಬ್ಬನೇ, ಮತ್ತು ಅವನ ತೀರ್ಪು ಸೋವಿಯತ್ ವಿರುದ್ಧವಾಗಿತ್ತು. "ಈ ಹಾಳಿ ಎಣ್ಣಿ ಹೀರೂದಿಲ್ರೀ. ಮಿರ್ಚಿ ಕಟ್ಟಿಕೊಟ್ರ ಅಂಗಿ ಹಾಳಾಗ್ತದ." ಪ್ರಯೋಗ ಮಾಡಿ ನೋಡಿದ್ದೇನೆ. ಹೊಳಪಿನ ಕಾಗದದ ಮೇಲೆ ಮಿರ್ಚಿ ಭಜಿಯ ಎಣ್ಣೆ ಜಾರಿ ಅಂಚಿಗೆ ಬಂದು ತೊಟ್ಟಿಕ್ಕಿತು. ರದ್ದಿ ವೃತ್ತಪತ್ರಿಕೆ ಒಂದೇ ನಿಮಿಷದಲ್ಲಿ ಕುಡಿದುಬಿಟ್ಟಿತು. ಪ್ರಚಾರ ಸಾಹಿತ್ಯ ಜನಜೀವನವನ್ನು ಹೀರಿಕೊಳ್ಳದೆ ಹೋದದ್ದಕ್ಕೆ ಪ್ರಯೋಗಶಾಲೆಯ ಪುರಾವೆ ಬೇಕೆನ್ನುವವರಿಗೆ ನನ್ನ ಅಂಗಿ ತೋರಿಸಲು ಸಿದ್ಧ.

ಈ ಎರಡು ಪ್ರಕರಣಗಳ ನಡುವೆ ಒಬ್ಬ ಮನುಷ್ಯನಿದ್ದಾನೆ, ಅವನ ಬಗ್ಗೆ ಅಣಕು ಮಾಡಲು ಮನಸ್ಸು ಬರುವುದಿಲ್ಲ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಐದು ದಿನಕ್ಕೆ ನೆಹರೂ ತೀರಿಕೊಂಡರು, ಶಾಸ್ತ್ರಿ ಪ್ರಧಾನಿಯಾದರು. ಪರರ ಗೋಧಿಗೆ ಕೈಚಾಚುವುದು ಸಾಕೆಂದು ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶಕ್ಕೆ ಹೇಳಿದರು, ತಾವೂ ಬಿಟ್ಟರು. 1966ರ ಜನವರಿ 11ರಂದು ಸೋವಿಯತ್ ಒಕ್ಕೂಟದ ತಾಷ್ಕೆಂಟಿನಲ್ಲಿ ಅವರ ಉಸಿರು ನಿಂತಿತು. ಅವರ ಹೆಸರಿನ ಆ ಜಲಾಶಯಕ್ಕೆ ಮುಂದೆ ವಿಶ್ವಬ್ಯಾಂಕಿನ ಸಾಲ ಬಂತು, ನೀರು ನಿಂತಿತು, ಹಳೆಯ ಬಾಗಲಕೋಟೆಯ ಓಣಿಗಳು ಒಂದೊಂದಾಗಿ ಮುಳುಗಿದವು. ಜನ ನವನಗರಕ್ಕೆ ಹೋಗಿ ಸೆಕ್ಟರ್ ನಂಬರಿನಲ್ಲಿ ವಾಸಿಸತೊಡಗಿದರು. ಓಣಿಗೆ ಹೆಸರಿನ ಬದಲು ಅಂಕಿ ಕೊಡುವ ಬುದ್ಧಿ ಯಾವ ಬಣದಿಂದ ಬಂತೋ, ಎರಡೂ ಬಣಕ್ಕೆ ಒಪ್ಪುವಂತಿದೆ.

ಉಳಿದ ಓಣಿಗಳಲ್ಲಿ ಸಮರ ಪ್ರತಿವರ್ಷ ಹೋಳಿಗೆ ಮರುಕಳಿಸುತ್ತದೆ. ಕಿಲ್ಲಾ, ಹೊಸಪೇಟ, ಜೈನಪೇಟ, ವೆಂಕಟಪೇಟ ಮೊದಲಾದ ಶಕ್ತಿಗಳು ಹಲಗಿ ಬಾರಿಸುತ್ತ, ಬಣ್ಣದ ಬ್ಯಾರಲ್ ಹೇರಿದ ಬಂಡಿಗಳಲ್ಲಿ ಎದುರು ಬದುರು ನಿಲ್ಲುತ್ತವೆ. ನಿಮ್ಮದು ಹತ್ತು ಬ್ಯಾರಲ್ಲೋ, ನಮ್ಮದು ಹದಿನೈದು. ಎತ್ತಿನ ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು. ಎರಡೂ ಪಕ್ಷ ಸಂಪೂರ್ಣ ನಾಶವಾಗುವುದು ಖಚಿತ ಎಂದು ಗೊತ್ತಿದ್ದರೆ ಯಾರೂ ಮೊದಲು ಹೊಡೆಯುವುದಿಲ್ಲ ಎಂಬುದು ಅಣ್ವಸ್ತ್ರ ಪಂಡಿತರ ಮುಖ್ಯ ಸಿದ್ಧಾಂತ. ಬಾಗಲಕೋಟೆಯಲ್ಲಿ ಈ ಸಿದ್ಧಾಂತ ಬೆಳಿಗ್ಗೆ ಒಂಬತ್ತು ಗಂಟೆಗೇ ಬಿದ್ದುಹೋಗುತ್ತದೆ. ಸಂಪೂರ್ಣ ನಾಶ ಖಚಿತ ಎಂಬ ಕಾರಣಕ್ಕೇ ಇಲ್ಲಿ ಎಲ್ಲರೂ ಮೊದಲು ಹೊಡೆಯುತ್ತಾರೆ.

ಇಳಕಲ್ಲಿನ ಕೊಡುಗೆ ಎರಡು. ಒಂದು, ಸೀರೆ. ಅದರ ತೋಪುತೆನೆ ಸೆರಗಿನಲ್ಲಿ ಕೆಂಪು ಪಟ್ಟಿ ಮೂರು, ನಡುನಡುವೆ ಬಿಳಿ ಎರಡು. ಕೆಂಪು ಪಕ್ಷಕ್ಕೆ ಶತಮಾನಗಳಿಂದ ಸ್ಪಷ್ಟ ಬಹುಮತ, ಆದರೂ ಒಬ್ಬ ಗೃಹಿಣಿಯ ಮೇಲೂ ಗುಪ್ತಚರರ ಕಣ್ಣು ಬಿದ್ದಿಲ್ಲ. ಒಡಲಿನ ಹತ್ತಿಯ ಹಾಸನ್ನೂ ಸೆರಗಿನ ರೇಶಿಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಶಾಂತಿಯುತ ಸಹಬಾಳ್ವೆ ಎಂದು ಕ್ರುಶ್ಚೇವ್ ಊರೂರಿಗೆ ಹೇಳಿಕೊಂಡು ತಿರುಗಿದ್ದು ಇದನ್ನೇ ಇರಬೇಕು, ಆತನಿಗೆ ಮಗ್ಗದ ಪರಿಚಯ ಇರಲಿಲ್ಲ ಅಷ್ಟೇ.

ಎರಡನೆಯದು ನಿಶ್ಶಸ್ತ್ರೀಕರಣ. 1972ರ ಮೇ ತಿಂಗಳಲ್ಲಿ ನಿಕ್ಸನ್, ಬ್ರೆಝ್ನೇವ್ ಮಾಸ್ಕೋದಲ್ಲಿ ಕುಳಿತು ಕ್ಷಿಪಣಿಗಳ ಸಂಖ್ಯೆ ಇನ್ನು ಹೆಚ್ಚಿಸುವುದು ಬೇಡ ಎಂದು ಸಹಿ ಹಾಕಿದರು. ಇದ್ದದ್ದನ್ನು ಬಿಡುವ ಮಾತು ಇಬ್ಬರೂ ಎತ್ತಲಿಲ್ಲ. ಅದೇ ದಶಕದಲ್ಲಿ ಇಳಕಲ್ಲಿನ ವಿಜಯ ಮಹಾಂತೇಶ್ವರ ಮಠದ ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿಗಿಳಿದರು. ಕಾಳು ಬೇಡ, ಕಾಸು ಬೇಡ, ನಿಮ್ಮ ಚಟ ಹಾಕಿ ಎಂದರು. ಬೀಡಿ ಕಟ್ಟು, ಗುಟಕಾ ಚೀಟಿ, ಕುಡಿತ ಬಿಡುವ ಆಣೆ ಎಲ್ಲ ಜೋಳಿಗೆಗೆ ಬಿದ್ದವು. ಅವರ ಹುಟ್ಟುಹಬ್ಬ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜಿನೀವಾದಲ್ಲಿ ವರ್ಷಗಟ್ಟಲೆ ಕುಳಿತವರು ಎದುರಾಳಿ ಮೊದಲು ಬಿಡಲಿ ಎಂದು ಕಾದರೆ, ಜೋಳಿಗೆಯಲ್ಲಿ ಎದುರಾಳಿ ಎಂಬ ಸ್ಥಾನವೇ ಇರಲಿಲ್ಲ. 1987ರಲ್ಲಿ ರೇಗನ್, ಗೊರ್ಬಚೇವ್ ಕೊನೆಗೂ ಒಂದು ಜಾತಿಯ ಕ್ಷಿಪಣಿಗಳನ್ನು ಪೂರ್ತಿ ಬಿಡಲು ಒಪ್ಪಿದರು, 1991ರ ಹೊತ್ತಿಗೆ 2,692 ನಾಶವಾದವು. ಮಾತಿಗೆ ತಪ್ಪದಂತೆ ನೋಡಿಕೊಳ್ಳಲು ಪರಸ್ಪರರ ಕಾರ್ಖಾನೆಯ ಬಾಗಿಲಲ್ಲಿ ತಪಾಸಣೆಗಾರರನ್ನು ಕೂಡಿಸಿದ್ದರು. ಇಳಕಲ್ಲಿನಲ್ಲಿ ಆ ಕೆಲಸ ಹೆಂಡಂದಿರದು. ಗಂಡ ಹೊಸ್ತಿಲು ದಾಟುವ ಮೊದಲೇ ಬಾಯಿ ಮೂಸಿ ವರದಿ ಕೊಡುತ್ತಿದ್ದರು.

1991ರ ಡಿಸೆಂಬರಿನಲ್ಲಿ ಕ್ರೆಮ್ಲಿನ್ನಿನ ಮೇಲಿಂದ ಕೆಂಪು ಬಾವುಟ ಇಳಿಯಿತು. ಅದರ ಮುಂದಿನ ಜೂನಿನಲ್ಲಿ ನಮ್ಮ ಓಣಿಯ ಮಕ್ಕಳು ಪುಸ್ತಕಕ್ಕೆ ಖಾಕಿ ಕಾಗದ ಹಾಕಿಕೊಂಡು ಸಾಲಿಗೆ ಹೋದರು. ಎಣ್ಣೆಯ ಡಬ್ಬಿ ಒಂದು ಮಾತ್ರ ನಮ್ಮ ಹಿತ್ತಲಲ್ಲಿ ಉಳಿದಿದೆ. ಅವ್ವ ಅದರಲ್ಲಿ ತುಳಸಿ ಹಚ್ಚಿದ್ದಾಳೆ. ಈ ಪ್ರಬಂಧಕ್ಕಾಗಿ ಮಣ್ಣು ಒರೆಸಿ ಪರಿಶೀಲಿಸಿದಾಗ ಕೈ ಕುಲುಕುವ ಚಿತ್ರ ಇನ್ನೂ ಕಾಣಿಸಿತು, ಆದರೆ ತುಕ್ಕು ಒಂದು ಕೈಯನ್ನು ಮೊಣಕೈವರೆಗೆ ತಿಂದುಹಾಕಿತ್ತು. ಹೋದದ್ದು ಕೊಟ್ಟವರ ಕೈಯೋ ಇಸಕೊಂಡವರ ಕೈಯೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. "ಆ ಡಬ್ಬಿ ಅಲಗ್ಯಾಡಸಬ್ಯಾಡಪಾ, ತಳಾ ಬೀಳ್ತದ" ಎಂದು ಪರಮ ಪ್ರಮಾಣವು ಒಳಗಿನಿಂದ ಕೂಗಿದ್ದರಿಂದ ಸಂಶೋಧನೆ ಅಲ್ಲಿಗೇ ನಿಂತಿದೆ.