ಪದವಿ ಪಾರ್ಟಿಯ ಡೆಸರ್ಟ್ ಟೇಬಲ್: ತಾತ್ವಿಕ ನೆಲೆಗಳು ಮತ್ತು ಒಂದು ಬಹುಮುಖಿ ಅನುಸಂಧಾನ

ಕನ್ನಡ ಸಂಶೋಧನೆ ಶಾಸನಗಳ ಮೇಲೆ ಬೆಳಕು ಚೆಲ್ಲಿದೆ, ಸೋಬಾನೆ ಪದಗಳ ಮೇಲೆ ಬೆಳಕು ಚೆಲ್ಲಿದೆ, ಹೀಗೆ ಬೆಳಕು ಚೆಲ್ಲಿದವರ ಮೇಲೂ ಬೆಳಕು ಚೆಲ್ಲಿದೆ. ಇಷ್ಟಾದರೂ ಪದವಿ ಪಾರ್ಟಿಗಳಲ್ಲಿ ಗೋಡೆಗೆ ಆತುಕೊಂಡು ನಿಲ್ಲುವ ಡೆಸರ್ಟ್ ಟೇಬಲ್ ಎಂಬ ಸಾಂಸ್ಕೃತಿಕ ಪಠ್ಯ ವಿದ್ವಾಂಸರ ಅವಗಣನೆಗೆ ಒಳಗಾಗಿರುವುದು ವಿಷಾದದ ಸಂಗತಿ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್. ಆಕರ: ನನ್ನ ಅಕ್ಕನ ಮಗಳು ಬಿ.ಇ. ಮುಗಿಸಿದ ಸಂತೋಷಕೂಟ. ವಿಧಾನ: ತಟ್ಟೆ ಹಿಡಿದು ಮೂಲೆಯಲ್ಲಿ ನಿಲ್ಲುವುದು. ಅಧ್ಯಯನದ ಮಿತಿ: ಪ್ರಬಂಧಕಾರನ ಸಕ್ಕರೆ ಕಾಯಿಲೆ.

1. ವ್ಯಾಖ್ಯೆಯ ಬಿಕ್ಕಟ್ಟು

ಡೆಸರ್ಟ್ ಟೇಬಲ್ ಎಂದರೇನು? ಸಿಹಿತಿಂಡಿ ಇಟ್ಟ ಮೇಜು ಎಂದು ಪಾಮರರು ಹೇಳಿಯಾರು. ಆ ಭ್ರಮೆ ಅಕ್ಕನಿಗೂ ಇತ್ತು. ಈವೆಂಟ್ ಕಂಪನಿಯಿಂದ ಟ್ಯಾಬ್ಲೆಟ್ ಹಿಡಿದು ಬಂದ ಹುಡುಗ ಅದನ್ನು ಭಂಜಿಸಿದ. "ಆಂಟೀ, ನಾವು ಸ್ವೀಟ್ಸ್ ಇಡಲ್ಲ, ಕ್ಯುರೇಟ್ ಮಾಡ್ತೀವಿ. ಟೇಬಲ್ ಒಂದು ಸ್ಟೋರಿ ಹೇಳ್ಬೇಕು" ಎಂದ. "ಸ್ಟೋರಿ ಇರ್ಲಪ್ಪ, ನೂರಿಪ್ಪತ್ತು ಜನಕ್ಕೆ ಸಾಲತ್ತಾ?" ಎಂದಳು ಅಕ್ಕ. "ಸಾಲೋದು ಆಮೇಲೆ ಆಂಟೀ. ಫಸ್ಟು ಫ್ರೇಮ್ ತುಂಬ್ಬೇಕು."

ಹಿಂದೆ ಅಡುಗೆಯವರು ಬಂದರೆ "ಎಷ್ಟು ಎಲೆ ಅಮ್ಮಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಉಣ್ಣುವವರ ಹೊಟ್ಟೆ ಇತ್ತು. ಎಲೆಯಿಂದ ಫ್ರೇಮಿಗೆ ಆದ ಈ ಪಲ್ಲಟವನ್ನು ಲಕ್ಷ್ಯದಲ್ಲಿಟ್ಟುಕೊಂಡು ಪ್ರಬಂಧಕಾರನು ಮಂಡಿಸುವ ವ್ಯಾಖ್ಯೆ ಹೀಗಿದೆ: ತಿನ್ನಬಹುದಾದ ವಸ್ತುಗಳನ್ನು ಯಾರೂ ತಿನ್ನದಂತೆ ಜೋಡಿಸಿದ, ಹಿನ್ನೆಲೆಯಲ್ಲಿ ಬಲೂನಿನ ಕಮಾನೂ ಮುನ್ನೆಲೆಯಲ್ಲಿ ಫೋಟೋಗ್ರಾಫರನೂ ನಡುವೆ ಹಸಿದ ಮಕ್ಕಳೂ ಇರುವ ದೃಶ್ಯ ಸಂಕಥನವೇ ಡೆಸರ್ಟ್ ಟೇಬಲ್.

2. ಪರಂಪರೆಯ ಮರುಓದು

ಡೆಸರ್ಟ್ ಟೇಬಲನ್ನು ಪಶ್ಚಿಮದ ಕೊಡುಗೆ ಎಂದು ಕೈತೊಳೆದುಕೊಳ್ಳುವುದು ವಸಾಹತುಶಾಹಿ ಮನಸ್ಸಿನ ಲಕ್ಷಣ. ಪದವೀಧರನಿಗೆ ಸಿಹಿ ಕೊಡುವ ವಿಧಿ ಗೃಹ್ಯಸೂತ್ರಗಳ ಕಾಲಕ್ಕೇ ಇತ್ತು. ಗುರುಕುಲ ಮುಗಿಸಿ ಸಮಾವರ್ತನದ ಸ್ನಾನ ಮಾಡಿ ಬಂದ ಸ್ನಾತಕ ಮಧುಪರ್ಕಕ್ಕೆ ಅರ್ಹ. ಆ ಅರ್ಹರ ಪಟ್ಟಿಯಲ್ಲಿ ಅವನ ಜೊತೆಗೆ ರಾಜನಿದ್ದಾನೆ, ಆಚಾರ್ಯನಿದ್ದಾನೆ, ಹೆಣ್ಣು ಕೊಟ್ಟ ಮಾವನಿದ್ದಾನೆ. ಮಧುಪರ್ಕ ಎಂದರೆ ಮೊಸರಿಗೆ ಜೇನು ಬೆರೆಸಿದ್ದು, ಜೇನು ಸಿಗದಿದ್ದರೆ ತುಪ್ಪ. ಒಂದು ಬಟ್ಟಲು, ಅಷ್ಟೆ. ಬ್ಯಾಕ್‌ಡ್ರಾಪ್ ಇದ್ದ ಬಗ್ಗೆ ಉಲ್ಲೇಖವಿಲ್ಲ. ಆ ಬಟ್ಟಲು ಎಲ್ಲರ ಕೈಗೂ ಬರುತ್ತಿರಲಿಲ್ಲ, ಓದೇ ಎಲ್ಲರಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಇಂಥ ಪ್ರಬಂಧಗಳಲ್ಲಿ ಅಡಿಟಿಪ್ಪಣಿಗೆ ತಳ್ಳುವುದು ವಾಡಿಕೆ. ಇದಕ್ಕೆ ಅಡಿಟಿಪ್ಪಣಿ ಇಲ್ಲದ್ದರಿಂದ ಇಲ್ಲೇ ಹೇಳಿದ್ದೇನೆ.

ಕನ್ನಡದ ಮಟ್ಟಿಗೆ, ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನೇ ಕೊಟ್ಟ. ಕಲ್ಯಾಣದ ಮೂರನೆಯ ಸೋಮೇಶ್ವರ ಅದಾಗಿ ನೂರು ವರ್ಷಕ್ಕೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ವಿವರಿಸಿದ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಹಾಡಿದ. ಮೂವರೂ ಹದ ಹೇಳಿದರು, ಪಾಕ ಹೇಳಿದರು. ಬಲೂನಿನ ಬಣ್ಣದ ಬಗ್ಗೆ ಮೂವರೂ ಮೌನ. ಈ ಮೌನವನ್ನು ಓದುವುದು ಹೇಗೆ ಎಂಬುದರ ಮೇಲೆ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ ನಡೆಸಬಹುದು. ನಡೆಸಿದರೆ ಮಧ್ಯಾಹ್ನದ ಊಟಕ್ಕೆ ನಾನೂ ಬರುತ್ತೇನೆ.

ಈಗ ಯಾರೂ ಗಮನಿಸದ ಒಂದು ಕೊಂಡಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಮೈಸೂರು ಪಾಕನ್ನು ಮೊದಲು ಮಾಡಿದ್ದೂ ಅದೇ ನಾಲ್ವಡಿಯವರಿಗೆ ಎಂಬುದು ಮೈಸೂರಿನವರು ಹೇಳಿಕೊಂಡು ಬಂದ ಮಾತು. ಅಂದರೆ ಪದವಿಯೂ ಪಾಕವೂ ಒಂದೇ ಆಸ್ಥಾನದ ಅವಳಿ ಮಕ್ಕಳು! ವ್ಯತ್ಯಾಸವಿಷ್ಟೇ. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಕಡಲೆಹಿಟ್ಟು ಉದುರಿಸಿ, ಕಾದ ತುಪ್ಪ ಹುಯ್ಯುತ್ತ, ಬಿಡದೆ ಕೈಯಾಡಿಸಿ, ಗೂಡುಗೂಡಾಗಿ ಉಬ್ಬುತ್ತಲೇ ತಟ್ಟೆಗೆ ಸುರಿಯಬೇಕು. ಒಂದು ಗಳಿಗೆ ತಡವಾದರೆ ಕಲ್ಲು. ಪದವಿಗೆ ಈ ಕಾಟವಿಲ್ಲ. ಬ್ಯಾಕ್‌ಲಾಗ್ ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು.

ಇಂಥ ಐತಿಹಾಸಿಕ ನಂಟಿರುವ ಮೈಸೂರು ಪಾಕು ನಮ್ಮ ಮೇಜಿನ ಮೇಲೆ ಬರಲಿಲ್ಲ. ಥೀಮಿನ ಬಣ್ಣ ನೇವಿ ಬ್ಲೂ ಮತ್ತು ರೋಸ್ ಗೋಲ್ಡ್, ಪಾಕು ಹಳದಿಯಾಯಿತಂತೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಧಾರವಾಡ ಪೇಡಕ್ಕೂ ಅದೇ ಗತಿ. "ಬ್ರೌನು ಫೋಟೋದಲ್ಲಿ ಡಲ್ ಹೊಡಿಯತ್ತೆ ಸರ್" ಎಂದ ಹುಡುಗ. ಅವನ ಮಾತಿಗೆ ಮೇಜೇನೋ ಒಪ್ಪಿತು. ಧಾರವಾಡದವರಾದ ನಮ್ಮ ಭಾವ ಒಪ್ಪಲಿಲ್ಲ, ಆದರೆ ಅವರನ್ನು ಯಾರೂ ಕೇಳಿರಲಿಲ್ಲ.

3. ವರ್ಗೀಕರಣ

ಪ್ರಾಚೀನರು ಜೀವಿಗಳನ್ನು ಅಂಡಜ, ಸ್ವೇದಜ, ಜರಾಯುಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಸದರಿ ಮೇಜಿನ ಸಿಹಿಗಳನ್ನೂ ಇದೇ ತಾತ್ವಿಕ ಚೌಕಟ್ಟಿನಲ್ಲಿ ಅಳವಡಿಸಬಹುದೆಂದು ಪ್ರಬಂಧಕಾರನು ನಂಬಿದ್ದನು.

ಅಂಡಜ: ಮೊಟ್ಟೆಯಿಂದ ಹುಟ್ಟಿದವು. ಉದಾಹರಣೆಗೆ ಮ್ಯಾಕರಾನ್. ಬಾದಾಮಿ ಹುಡಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಯಿಂದ ಮಾಡುವ ಬಣ್ಣದ ಬಿಲ್ಲೆ. ನಮ್ಮ ದೊಡ್ಡಮ್ಮ ಬಳಿಗೆ ಹೋಗಿ "ಇದಕ್ಕೆ ಮೊಟ್ಟೆ ಹಾಕಿದೀರೇನಪ್ಪ?" ಎಂದರು. ಹುಡುಗ ಕ್ಷಣ ಯೋಚಿಸಿ, "ಇಲ್ಲ ಅಜ್ಜೀ, ಬರೀ ಬಿಳಿದು" ಎಂದ. ದೊಡ್ಡಮ್ಮ ನೆಮ್ಮದಿಯಿಂದ ಎರಡು ತಿಂದರು. ಜ್ಞಾನಮೀಮಾಂಸೆಯ ದೃಷ್ಟಿಯಿಂದ ಇದು ಅತ್ಯಂತ ಮಹತ್ವದ ಘಟನೆ.

ಸ್ವೇದಜ: ಬೆವರಿನಿಂದ ಹುಟ್ಟಿದವು. ಫಾಂಡಂಟ್ ಈ ವರ್ಗದ ನಾಯಕ. ಸಕ್ಕರೆಯನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ಲಟ್ಟಿಸಿ ಕೇಕಿಗೆ ಹೊದಿಸುವ ಈ ಪದಾರ್ಥ ಫ್ರಿಜ್ಜಿನಿಂದ ಹೊರಗೆ ಬಂದೊಡನೆ ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ. ಕೇಕಿನ ನೆತ್ತಿಯಲ್ಲಿ ಫಾಂಡಂಟಿನ ಕರಿ ಚೌಕಟೋಪಿ, ಪಕ್ಕದಲ್ಲಿ ಫಾಂಡಂಟಿನದೇ ಗೌನು ತೊಟ್ಟ ಗೊಂಬೆ. ಗೌನೆಂಬುದು ವಸಾಹತುಕಾಲದ ಪಳೆಯುಳಿಕೆ ಎಂದು 2010ರಲ್ಲಿ ಜೈರಾಂ ರಮೇಶ್ ಕೇಂದ್ರ ಮಂತ್ರಿಯಾಗಿದ್ದಾಗ ಭೋಪಾಲದ ಘಟಿಕೋತ್ಸವದ ವೇದಿಕೆಯಲ್ಲೇ ಅದನ್ನು ಕಳಚಿದ್ದರು. ನಮ್ಮ ಗೊಂಬೆ ಸಂಜೆ ಐದರ ಹೊತ್ತಿಗೆ ತಾನಾಗಿಯೇ ಕಳಚಿಕೊಳ್ಳತೊಡಗಿತು.

ಜರಾಯುಜ: ಹಸು ಎಮ್ಮೆಗಳಿಂದ ಬಂದ ಕೆನೆಯ ಸಿಹಿಗಳು. ಪುಟ್ಟ ಗಾಜಿನ ಲೋಟದಲ್ಲಿ ರಸಮಲಾಯಿ ಮೂಸ್, ಜಾಮೂನು ಚೀಸ್‌ಕೇಕ್. ಇಲ್ಲಿ ಸ್ವಲ್ಪ ನಿಜವಾದ ಶಾಸ್ತ್ರವಿದೆ, ತಮಾಷೆಯಲ್ಲ. ಕೆನೆ, ಹಾಲಿನ ಪದಾರ್ಥಗಳನ್ನು ಫ್ರಿಜ್ಜಿನಿಂದ ತೆಗೆದು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ನಾಲಿಗೆಯ ಮೇಲೆ ಕರಗಲೆಂದೇ ಇದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ನಾಲಿಗೆಗಿಂತ ಬಹಳ ಹಿಂದೇನೂ ಇಲ್ಲ. ನಮ್ಮ ಮೇಜು ಸಿದ್ಧವಾದದ್ದು ಮೂರು ಗಂಟೆಗೆ. ಫೋಟೋ, ವಿಡಿಯೋ, ಗೆಳತಿಯರ ರೀಲ್ಸು, ಡ್ರೋನು ಎಲ್ಲ ಮುಗಿದು "ಈಗ ತಿನ್ಬಹುದು" ಎಂದು ಅಪ್ಪಣೆಯಾದದ್ದು ಏಳಕ್ಕೆ. ಈ ನಾಲ್ಕು ಗಂಟೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಉದ್ಭಿಜ್ಜ: ಬರೆಯುವುದಿಲ್ಲ. ಅಷ್ಟರಲ್ಲಿ ಐದನೆಯ ವರ್ಗವೊಂದು ಸಿಕ್ಕಿ ಚೌಕಟ್ಟೇ ಕುಸಿಯಿತು. ಮೂರು ಅಂತಸ್ತಿನ ಆ ಕೇಕಿನಲ್ಲಿ ಮೇಲಿನದೊಂದು ಮಾತ್ರ ಕೇಕು. ಕೆಳಗಿನ ಎರಡೂ ಥರ್ಮೋಕೋಲ್, ಮೇಲೆ ಐಸಿಂಗ್ ಬಳಿದದ್ದು. ಈ ದಂಧೆಯಲ್ಲಿ ಇದು ಗುಟ್ಟೇನೂ ಅಲ್ಲ, 'ಡಮ್ಮಿ' ಎಂದು ಬಿಲ್ಲಿನಲ್ಲೇ ಬರೆದಿರುತ್ತಾರೆ. ಬಿಲ್ಲು ಓದಲು ಬಾರದ, ನಾಲ್ಕು ವರ್ಷದ ನಮ್ಮ ಸಂಬಂಧಿಕರ ಹುಡುಗ ಫೋಟೋಗ್ರಾಫರ್ ಬ್ಯಾಟರಿ ಬದಲಿಸುವ ಹೊತ್ತು ನೋಡಿ ಮೇಜಿನಡಿ ನುಸುಳಿ ಕೆಳ ಅಂತಸ್ತಿಗೆ ಬೆರಳು ಹಾಕಿ ನೆಕ್ಕಿದ. ಇನ್ನೂ ಆಳಕ್ಕೆ ಹಾಕಿದ. ಬಿಳಿ ಗುಳಿಗೆಗಳು ಬೆರಳಿಗೆ ಅಂಟಿ ಬಂದವು. ಅವನ್ನು ದಿಟ್ಟಿಸಿ, ಒಂದನ್ನು ಕಚ್ಚಿ, ಉಗುಳಿ, ಮತ್ತೆ ಅಮ್ಮನ ಕಡೆ ನೋಡಿದ. ಆಧುನಿಕೋತ್ತರ ವಿಮರ್ಶೆ ಇಷ್ಟು ದಪ್ಪ ಪುಸ್ತಕಗಳಲ್ಲಿ ಹೇಳಲು ಹೆಣಗಿದ್ದನ್ನು ಆ ಹುಡುಗ ಒಂದು ಉಗುಳಿನಲ್ಲಿ ಹೇಳಿದ್ದಾನೆ.

4. ಬಡಿಸುವವನ ಸಾವು

ಲೇಖಕ ಸತ್ತ ಎಂದು ರೋಲಾ ಬಾರ್ತ್ 1967ರಲ್ಲಿ ಘೋಷಿಸಿದ. ನಮ್ಮ ಸಂಕಿರಣಗಳಲ್ಲಿ ಅಂದಿನಿಂದ ಅವನ ತಿಥಿ ನಡೆಯುತ್ತಲೇ ಇದೆ. ಡೆಸರ್ಟ್ ಟೇಬಲ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಬಡಿಸುವವನ ಸಾವನ್ನು ಘೋಷಿಸಿದೆ ಎಂಬುದು ಪ್ರಸ್ತುತ ಪ್ರಬಂಧದ ಮುಖ್ಯ ಒಳನೋಟ.

ಇದಕ್ಕೆ ಸಾಕ್ಷಿ ಚಿರೋಟಿ. ಅಕ್ಕ ಹಟ ಹಿಡಿದದ್ದಕ್ಕೆ ಒಂದು ತಟ್ಟೆ ಚಿರೋಟಿಯನ್ನು ಹುಡುಗ ಒಪ್ಪಿಕೊಂಡಿದ್ದ. ಬಿಳಿಯಾಗಿದೆ, ಪದರವಿದೆ, 'ಟೆಕ್ಸ್ಚರ್' ಬರುತ್ತದೆ ಎಂದು. ಆದರೆ ಚಿರೋಟಿ ಒಬ್ಬಂಟಿ ಪದಾರ್ಥವಲ್ಲ. ಎಲೆಯ ಮೇಲೆ ಒಬ್ಬರು ಚಿರೋಟಿ ಇಟ್ಟು ಹೋಗಬೇಕು, ಹಿಂದೆ ಬಂದವರು ಸಕ್ಕರೆ ಪುಡಿ ಉದುರಿಸಬೇಕು, ಅವರ ಹಿಂದೆ ಬಂದವರು ಬಾದಾಮಿ ಹಾಲು ಹುಯ್ಯಬೇಕು; ಅದೂ ಉಣ್ಣುವವರು ಅದನ್ನು ಮುರಿದ ಮೇಲೆ, ನೆನೆಯುವಷ್ಟು, ಮೆತ್ತಗಾಗಿ ಹೋಗದಷ್ಟು. ನಮ್ಮಲ್ಲಿ ಚಿರೋಟಿ ಮೇಜಿನ ಒಂದು ತುದಿಗೆ, ಬಾದಾಮಿ ಹಾಲು ಇನ್ನೊಂದು ತುದಿಗೆ ಪುಟ್ಟ ಸೀಸೆಗಳಲ್ಲಿ ಸ್ಟ್ರಾ ಸಮೇತ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಹೇಳುವವರೇ ಇರಲಿಲ್ಲ. ಹುಡುಗಿಯರು ಒಣ ಚಿರೋಟಿಯನ್ನು ಬಿಸ್ಕತ್ತಿನಂತೆ ಕಚ್ಚಿದರು. ಬಾಡಿಗೆಯ ಕರಿಗೌನುಗಳ ಮೇಲೆಲ್ಲ ಪುಡಿ.

ಹಳೆಯ ಪಂಕ್ತಿಯನ್ನು ಹೊಗಳಲು ನಾನು ಹೊರಟಿಲ್ಲ. ಅಲ್ಲಿ ಉಪಚಾರವಿತ್ತು, ಪಂಕ್ತಿಭೇದವೂ ಇತ್ತು. ಯಾರು ಒಳಗೆ, ಯಾರು ಹೊರಗೆ, ಯಾರ ಸರದಿ ಕೊನೆಗೆ ಎಂಬುದು ಎಲೆ ಹಾಕುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಮೇಜಿಗೆ ಜಾತಿಯಿಲ್ಲ, ಯಾರು ಬೇಕಾದರೂ ಕೈಹಾಕಬಹುದು ಎಂದು ನಾನೂ ಒಮ್ಮೆ ನಂಬಿದ್ದೆ. ಆದರೆ ಬಡಿಸುವವರು ಸತ್ತಿರಲಿಲ್ಲ. ಕ್ಲಬ್‌ಹೌಸಿನ ಬಾಗಿಲ ಹಿಂದೆ ನೀಲಿ ಯೂನಿಫಾರ್ಮಿನಲ್ಲಿ ನಿಂತಿದ್ದರು. ಹೌಸ್‌ಕೀಪಿಂಗಿನ ಇಬ್ಬರು ಹೆಂಗಸರು. ಬಿದ್ದ ಟಿಶ್ಯೂ ಎತ್ತಲು ಒಳಗೆ ಬಂದಾಗಲೆಲ್ಲ "ಅಕ್ಕಾ, ಫ್ರೇಮಿಗೆ ಬರ್ಬೇಡಿ" ಎಂದು ಅವರನ್ನು ಹಿಂದಕ್ಕೆ ಕಳಿಸಲಾಗುತ್ತಿತ್ತು. ಒಬ್ಬಳ ಮಗ, ಶಾಲೆಗೆ ರಜೆಯೆಂದು ಅಮ್ಮನ ಜೊತೆ ಬಂದವನು, ಬಾಗಿಲ ಸಂದಿಯಿಂದ ಮೇಜನ್ನು ನೋಡುತ್ತಿದ್ದ.

ಮೇಜಿನ ನಡುವೆ 'ಫ್ಯೂಚರ್ ಸಿಇಒ' ಎಂಬ ಚಿನ್ನದ ಬಣ್ಣದ ಟಾಪರ್. ಅದರ ಕೆಳಗೆ ನಿಂತು ನಗುತ್ತಿದ್ದ ಹುಡುಗಿಯ ಕೆಲಸದ ಜಾಯಿನಿಂಗ್ ತಾರೀಕನ್ನು ಕಂಪನಿ ಅದಾಗಲೇ ಮುಂದಕ್ಕೆ ಹಾಕಿತ್ತು, ಹೊಸ ತಾರೀಕು ಕೊಟ್ಟಿರಲಿಲ್ಲ. ಭಾವ ಬ್ಯಾಂಕಿಗೆ ಕಟ್ಟಬೇಕಾದ ಓದಿನ ಸಾಲದ ಕಂತಿಗೆ ಯಾರೂ ಮುಂದಕ್ಕೆ ತಾರೀಕು ಕೊಡುವುದಿಲ್ಲ. "ಮಾಮ, ಫೋಟೋದಲ್ಲಿ ನಗು ಬಂದಿದ್ಯಾ?" ಎಂದು ಅವಳು ನನ್ನನ್ನು ಕೇಳಿದಳು. ಬಂದಿತ್ತು.

ಐದನೆಯ ಅಧ್ಯಾಯದಲ್ಲಿ ಮೇಜಿನ ಸೌಂದರ್ಯಮೀಮಾಂಸೆಯನ್ನು ಚರ್ಚಿಸಬೇಕಿತ್ತು. ಅದರ ಬದಲು ನಡೆದದ್ದನ್ನು ಹೇಳಿಬಿಡುತ್ತೇನೆ. ರಾತ್ರಿ ಹತ್ತಕ್ಕೆ ಉಳಿದದ್ದು ಬಹಳವಿತ್ತು. ಗಾಜಿನ ಲೋಟದ ಕೆನೆಯನ್ನು ಒಬ್ಬರು ಮೂಸಿ ನೋಡಿ, "ಯಾಕೋ ವಾಸನೆ, ನಮ್ಮ ಮಕ್ಕಳಿಗೆ ಬೇಡ" ಎಂದರು. ಆಮೇಲೆ ಅದೇ ಬಾಯಿಂದ, "ವೇಸ್ಟ್ ಆಗತ್ತಲ್ಲ, ಹೌಸ್‌ಕೀಪಿಂಗ್‌ನವರಿಗೆ ಪ್ಯಾಕ್ ಮಾಡಿ ಕೊಡಿ" ಎಂದರು. ನಮ್ಮ ಮಕ್ಕಳ ಹೊಟ್ಟೆಗೆ ಆಗದ್ದು ಬಾಗಿಲ ಸಂದಿಯಲ್ಲಿದ್ದ ಹುಡುಗನ ಹೊಟ್ಟೆಗೆ ಹೇಗಾಗುತ್ತದೆ? ಮಧ್ಯಾಹ್ನ ಮೂರರಿಂದ ಆ ಹುಡುಗ ಕೇಳಿದ್ದರೆ ಒಂದು ಒಳ್ಳೆಯ ಲೋಟ ಸಿಗುತ್ತಿರಲಿಲ್ಲ. ಹಳಸಿದ ಮೇಲೆ ಹನ್ನೆರಡು ಸಿಕ್ಕವು. ಇದಕ್ಕೆ ದಾನ ಎಂದು ಹೆಸರು, ಕೊಟ್ಟವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಇದಕ್ಕಿಂತ ಆ ಥರ್ಮೋಕೋಲೇ ಪ್ರಾಮಾಣಿಕ. ಅದು ತಾನು ಕೇಕೆಂದು ಎಂದೂ ಹೇಳಿಕೊಂಡಿರಲಿಲ್ಲ.

ಮಕ್ಕಳು ಪಾಸಾದರೆಂದು ಸಿಹಿಮೇಜು ಇಡುವವರು ಇಡಲಿ, ಸಂತೋಷಕ್ಕೆ ಯಾರೂ ಅಡ್ಡ ಬರಬಾರದು. ಊಟದ ನಂತರವಾದರೆ ತಲೆಗೆ ಎರಡು ಮೂರು ಸಣ್ಣ ತುಣುಕು ಸಾಕು, ಅದಕ್ಕಿಂತ ಹೆಚ್ಚು ಮಾಡಿಸಬೇಡಿ. ಕೆನೆಯದನ್ನು ತಿನ್ನುವ ಹೊತ್ತಿಗೇ ಹೊರಗೆ ತೆಗೆಯಿರಿ. ಫೋಟೋಕ್ಕೆ ಉಂಡೆ, ಪೇಡ, ಮೈಸೂರು ಪಾಕು ನಿಲ್ಲುತ್ತವೆ, ಬೆವರುವುದಿಲ್ಲ. ಚಿರೋಟಿ ಇಟ್ಟರೆ ಪಕ್ಕದಲ್ಲಿ ಹಾಲು ಹುಯ್ಯಲು ಒಬ್ಬರನ್ನು ನಿಲ್ಲಿಸಿ, ಅವರಿಗೆ ಕೂಲಿ ಕೊಡಿ, ಫ್ರೇಮಿನಲ್ಲೂ ಇರಲಿ. ಮತ್ತು ಕೆಲಸಕ್ಕೆ ಬಂದವರ ಪಾಲನ್ನು ಮೊದಲೇ, ಮೇಜು ಅಲಂಕರಿಸುವ ಮುಂಚೆಯೇ, ಡಬ್ಬಿಯಲ್ಲಿ ತೆಗೆದು ಫ್ರಿಜ್ಜಿನಲ್ಲಿಡಿ.