ಪಿಸ್ಟನ್ನಿಗೆ ಅಭ್ಯಂಜನ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೊಸ ಕುಲವೊಂದು ಹುಟ್ಟಿಕೊಂಡಿದೆ: ವಾರಾಂತ್ಯದ ಮೇಸ್ತ್ರಿಗಳು. ಐದು ದಿನ ಲ್ಯಾಪ್‌ಟಾಪ್ ಕುಟ್ಟಿದ ಬೆರಳಿಗೆ ಶನಿವಾರ ಬಂತೆಂದರೆ ಗ್ರೀಸ್ ಬೇಕು. ಅಪ್ಪನ ಕಾಲದ ಮಾರುತಿ 800 ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಿದೆಯಲ್ಲ, ಅದರ ಎಂಜಿನ್ ಇಳಿಸಿ, ಬಿಚ್ಚಿ, ತೊಳೆದು, ತಾವೇ ಮತ್ತೆ ಕೂರಿಸುತ್ತಾರಂತೆ. 1983ರಿಂದ 2014ರವರೆಗೆ ಬಂದ ಆ ಕಾರಿನದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಪುಟ್ಟದು, ಸರಳ, ಪಾಪದ್ದು. ಯಾರು ಕೈಯಾಡಿಸಿದರೂ ಸುಮ್ಮನಿರುತ್ತದೆ.

ಬಿಚ್ಚುವ ಬುದ್ಧಿಯನ್ನು ದೇವರು ಎಲ್ಲರಿಗೂ ಧಾರಾಳವಾಗಿ ಕೊಟ್ಟಿದ್ದಾನೆ. ಗ್ಯಾರೇಜಿನ ಮೇಸ್ತ್ರಿಯಾದರೆ ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚುವ ಮೊದಲೇ ರಾಡಿಗೂ ಕ್ಯಾಪಿಗೂ ಪಂಚ್‌ನಿಂದ ಚುಕ್ಕಿ ಹೊಡೆಯುತ್ತಾನೆ: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಯಾಕೆಂದರೆ ರಾಡನ್ನೂ ಅದರ ಕ್ಯಾಪನ್ನೂ ಜೋಡಿಸಿಯೇ ತೂತು ಕೊರೆದಿರುತ್ತಾರೆ. ಜೋಡಿ ಬದಲಾದರೆ ತೂತಿನ ದುಂಡು ಕೆಡುತ್ತದೆ. ನಮ್ಮವರಿಗೆ ಚುಕ್ಕಿಯ ಹಂಗಿಲ್ಲ, ಫೋನಿದೆ. ಎಲ್ಲ ಕೋನದಿಂದಲೂ ಫೋಟೋ ಹೊಡೆದು, ಮೂರೂ ಕ್ಯಾಪುಗಳನ್ನು ಒಂದೇ ಐಸ್‌ಕ್ರೀಮ್ ಡಬ್ಬಿಗೆ ಸುರಿಯುತ್ತಾರೆ. ಫೋಟೋದಲ್ಲಿ ಬೆಳಕು ಅದ್ಭುತ. ಯಾವ ಕ್ಯಾಪ್ ಯಾವ ರಾಡಿನದು ಎಂಬುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ.

ಆಮೇಲೆ ಸ್ನಾನ. ಪಿಸ್ಟನ್ ತಲೆಯ ಮೇಲೆ ವರ್ಷಗಳ ಕಾರ್ಬನ್ ಕೂತಿದೆ. ಡೀಸೆಲ್‌ನಲ್ಲಿ ನೆನೆಹಾಕಿ, ಮರದ ಚಕ್ಕೆಯಿಂದ ನಿಧಾನಕ್ಕೆ ಕೆರೆದರೆ ಬಿಡುತ್ತದೆ. ನಿಧಾನ ಎಂಬುದು ವಿಡಿಯೋಕ್ಕೆ ಒಗ್ಗದು. ಆದ್ದರಿಂದ ಬಚ್ಚಲಿನ ಪೈಪು ಬಿಡಿಸುವ ಕಾಸ್ಟಿಕ್ ಸೋಡಾ ಬರುತ್ತದೆ. ಬಿಸಿನೀರಿಗೆ ಸುರಿದು ಪಿಸ್ಟನ್ ಇಳಿಬಿಟ್ಟರೆ ಬುಸುಬುಸು ನೊರೆ! ಕೊಳೆ ಬಿಡುತ್ತಿದೆ ಎಂದು ಇವರಿಗೆ ಹಿಗ್ಗು. ಪಿಸ್ಟನ್ ಅಲ್ಯೂಮಿನಿಯಂನದು, ಕಾಸ್ಟಿಕ್‌ಗೆ ಅಲ್ಯೂಮಿನಿಯಂ ಎಂದರೆ ಹಬ್ಬದೂಟ, ಆ ಗುಳ್ಳೆಗಳು ಹೈಡ್ರೋಜನ್. ಬಿಡುತ್ತಿರುವುದು ಪಿಸ್ಟನ್ನೇ.

ಇಷ್ಟಕ್ಕೇ ನಿಂತರೆ ಹೊಸ ಪಿಸ್ಟನ್ ತರಬಹುದು. ನಿಲ್ಲುವುದಿಲ್ಲ. ಪಾತ್ರೆ ಉಜ್ಜುವ ಸ್ಕ್ರಬ್ಬರಿನ ದೊಡ್ಡಣ್ಣನಂಥ ಬಿಲ್ಲೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ಬ್ಲಾಕಿನ ಮೇಲೆ, ಹೆಡ್ಡಿನ ಮೇಲೆ ಗಿರ್ರೆಂದು ಆಡಿಸುತ್ತಾರೆ. ಹಳೆ ಗ್ಯಾಸ್ಕೆಟ್ ಮಾಯ, ಲೋಹ ಕನ್ನಡಿ! ಬಿಲ್ಲೆಯಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡಿನ ಹರಳು ಕಣ್ಣಿಗೆ ಕಾಣದ ಹಾಗೆ ಆಯಿಲ್ ಹೋಲುಗಳಿಗೆ ಇಳಿಯುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ತಲೆಗೂದಲಿನ ದಪ್ಪವೂ ಇರುವುದಿಲ್ಲ. ಎಂಜಿನ್ ಓಡತೊಡಗಿದ ಮೇಲೆ ಆಯಿಲ್ ಜೊತೆ ಆ ಹರಳು ಅಲ್ಲಿಗೇ ಹೋಗಿ ಕೂತು ಬೇರಿಂಗನ್ನು ಮೇಯುತ್ತದೆ. ಇಂಥ ಬಿಲ್ಲೆ ಬಳಸಬೇಡಿ, ಬೇರಿಂಗ್ ಹಾಳಾಗುತ್ತದೆ ಎಂದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ ಡೀಲರುಗಳಿಗೇ ಎಚ್ಚರಿಕೆ ಕಳಿಸಿತ್ತು. ಕಳಿಸಲಿ ಬಿಡಿ, ಅವರಿಗೆಷ್ಟು ಜನ ಫಾಲೋವರ್ಸ್?

ಜೆ.ಸಿ. ರಸ್ತೆಯ ಕಡೆಯ ಗ್ಯಾರೇಜ್ ಹುಡುಗನೊಬ್ಬ ಬ್ಲಾಕ್ ತೊಳೆಯುವುದನ್ನು ನೋಡಿ. ಹೊರಗಿನ ಕಪ್ಪು ಅವನಿಗೆ ಲೆಕ್ಕಕ್ಕೇ ಇಲ್ಲ. ಬಾಟಲಿ ತೊಳೆಯುವಂಥ ಉದ್ದ ಬ್ರಷ್ಷನ್ನು ಪ್ರತಿ ಆಯಿಲ್ ಹೋಲಿಗೂ ತೂರಿಸುತ್ತಾನೆ, ಏರ್ ಹೊಡೆಯುತ್ತಾನೆ. ಹೋನ್ ಮಾಡಿದ ಸಿಲಿಂಡರಿಗೆ ಬಿಸಿನೀರು, ಸೋಪು. ಬಿಳಿ ಬಟ್ಟೆ ಒಳಗಾಡಿಸಿದರೆ ಬೆಳ್ಳಗೇ ಹೊರಬರಬೇಕು, ಇಲ್ಲವಾದರೆ ಇನ್ನೊಮ್ಮೆ. ಒಣಗಿದ್ದೇ ತಡ ಆಯಿಲ್ ಸವರುತ್ತಾನೆ, ತಡಮಾಡಿದರೆ ತುಕ್ಕು. ಆದರೆ ಅವನ ಉಗುರು ಕಪ್ಪು, ಕೈಗವಸಿಲ್ಲ, ಇಂಗ್ಲಿಷಿನಲ್ಲಿ ಚಾನೆಲ್ ಇಲ್ಲ. ಅಂಥವನ ಕೈಗೆ ಅಪ್ಪನ ನೆನಪನ್ನು ಕೊಡುವುದು ಹೇಗೆ?

ತೂತಿನ ಒಳಗನ್ನು ಫೋಟೋ ತೆಗೆಯಲಾಗುವುದಿಲ್ಲ ಎಂಬುದೇ ನಿಜವಾದ ತೊಡಕು. ವಾಲ್ವ್ ಕವರ್ ಹಾಗಲ್ಲ, ಕೆಂಪು ಬಣ್ಣ ಬಳಿದರೆ ಎದ್ದು ಕಾಣುತ್ತದೆ. ಎರಡು ವಾರಾಂತ್ಯ ಕವರಿಗೆ, ಎರಡು ನಿಮಿಷ ಆಯಿಲ್ ಹೋಲಿಗೆ. (ನಮ್ಮ ನಗರಪಾಲಿಕೆಗಳೂ ಇದೇ ಲೆಕ್ಕದಲ್ಲಿ ಫುಟ್‌ಪಾತಿಗೆ ಟೈಲ್ಸ್ ಹಾಕಿ ಚರಂಡಿ ಮರೆಯುತ್ತವೆ. ಇರಲಿ.)

ಚರಂಡಿ ಎಂದಾಗ ನೆನಪಾಯಿತು. ಸಂಪಿನಿಂದ ಇಳಿಸಿದ ಹಳೆ ಆಯಿಲ್ ಎಲ್ಲಿ ಹೋಯಿತು? ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ, ಅದನ್ನು ಕೊಳ್ಳುವವರೇ ಬೇರೆ ಇದ್ದಾರೆ. ಅವರನ್ನು ಹುಡುಕಲು ಪುರುಸೊತ್ತೆಲ್ಲಿ? ರಾತ್ರಿ ಮಳೆನೀರಿನ ಚರಂಡಿಗೆ ಒಂದು ಬಕೆಟ್. ಬೆಳಿಗ್ಗೆ ಬೆಳ್ಳಂದೂರು ಕೆರೆ ಉಳಿಸುವ ಅರ್ಜಿಗೆ ಅದೇ ಕೈಯಿಂದ ಸಹಿ.

ಕೊನೆಗೂ ಎಂಜಿನ್ ಕೂರುತ್ತದೆ. ನಿಂಬೆಹಣ್ಣು, ಕುಂಕುಮ, ಲೈವ್ ವಿಡಿಯೋ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗಿಯೇ ಬಿಡುತ್ತದೆ. ಚಪ್ಪಾಳೆ. ಅದರ ಹಿಂದೆಯೇ ಒಳಗಿನಿಂದ ಟಕ್, ಟಕ್, ಟಕ್. "ರಾಡ್ ನಾಕಿಂಗ್ ಸಾರ್" ಎಂದು ಗೇಟಿನ ಬಳಿಯಿಂದ ವಾಚ್‌ಮನ್ ಹೇಳುತ್ತಾನೆ. ಹಿಂದೆ ಅವನು ಲಾರಿ ಕ್ಲೀನರ್. ಆ ಭಾಗ ವಿಡಿಯೋದಲ್ಲಿ ಮ್ಯೂಟ್ ಆಗಿದೆ.

ಮುಂದಿನ ವಾರ ಜಾಹೀರಾತು: "ಮಾರುತಿ 800. ಒಬ್ಬರೇ ಮಾಲೀಕರು. ಎಂಜಿನ್ ಪೂರ್ತಿ ಬಿಚ್ಚಿ ಮಾಲೀಕರೇ ಕೈಯಾರೆ ತೊಳೆದದ್ದು. ಯಾವ ಗ್ಯಾರೇಜಿನವರೂ ಮುಟ್ಟಿಲ್ಲ. ಚೌಕಾಸಿ ಇಲ್ಲ. ಟೋಯಿಂಗ್ ಖರ್ಚು ಕೊಳ್ಳುವವರದ್ದು."